ನನಗೆ ಬ್ಯಾಂಡ್ ಬೇಡ ಅಂದವರ ಶವಯಾತ್ರೆ: ನ್ಯೂ ಆರ್ಲಿಯನ್ಸಿನ ಡ್ಯಾನಿ ಬಾರ್ಕರ್

[ಕಪ್ಪು ಪರದೆ. ಒಂದೇ ಒಂದು ಡ್ರಮ್. ನಿಧಾನ, ಮಂದ, ಒಣ ಸದ್ದು. ಎಂಟು ಪೆಟ್ಟು.]

ಈ ಸದ್ದನ್ನ ಕಿವಿಯಲ್ಲಿ ಇಟ್ಕೊಳ್ಳಿ. ವಿಡಿಯೋ ಮುಗಿಯೋ ಹೊತ್ತಿಗೆ ಇದೇ ಡ್ರಮ್ ಬೇರೆ ದನಿಯಲ್ಲಿ ಮಾತಾಡುತ್ತೆ.

ನಮಸ್ಕಾರ. ಜಾಝ್ ಹುಟ್ಟಿದ ಊರಿನ ಬಗ್ಗೆ ವಿಡಿಯೋ ಮಾಡಿದಾಗ ನ್ಯೂ ಆರ್ಲಿಯನ್ಸಿನ ಒಂದು ಶವಯಾತ್ರೆಯ ತುಣುಕು ತೋರಿಸಿದ್ದೆ. ಅದನ್ನ ನೋಡಿದ ನಿಮ್ಮಲ್ಲಿ ತುಂಬಾ ಜನ ಒಂದೇ ಪ್ರಶ್ನೆ ಕೇಳಿದ್ರಿ. ಸತ್ತವರ ಹಿಂದೆ ಕೊಡೆ ಬಿಚ್ಚಿಕೊಂಡು, ಕರವಸ್ತ್ರ ಬೀಸ್ತಾ ಕುಣೀತಾರಲ್ಲ, ಅವರಿಗೆ ದುಃಖ ಆಗಲ್ವಾ?

ತಮಟೆ ಸದ್ದಿನ ಹಿಂದೆ ಮಸಣದ ತನಕ ನಡೆದು ಹೋದವರಿಗೆ ಅರ್ಧ ಉತ್ತರ ಆಗಲೇ ಗೊತ್ತಿರುತ್ತೆ. ಉಳಿದರ್ಧ ಹುಡುಕ್ತಾ ಹೋದಾಗ ನನಗೆ ಒಬ್ಬ ಬ್ಯಾಂಜೊ (ಗಿಟಾರಿನ ಥರದ ತಂತಿವಾದ್ಯ) ವಾದಕರು ಸಿಕ್ಕಿದ್ರು. ಹೆಸರು ಡ್ಯಾನಿ ಬಾರ್ಕರ್. ಊರಿನ ಬ್ರಾಸ್ ಬ್ಯಾಂಡ್, ಅಂದ್ರೆ ಟ್ರಂಪೆಟ್ಟಿನಂಥ ಹಿತ್ತಾಳೆ ವಾದ್ಯಗಳೂ ಡ್ರಮ್ಮೂ ಸೇರಿದ ಬ್ಯಾಂಡ್, ಅದರ ಪರಂಪರೆ ಮುದುಕರ ಜೊತೆಗೇ ಮಣ್ಣಾಗ್ತಿದ್ದ ಕಾಲದಲ್ಲಿ ಅದನ್ನ ಎತ್ತಿ ಮಕ್ಕಳ ಕೈಗೆ ಕೊಟ್ಟವರು ಇವರು. ತಮ್ಮ ಸಾವಿನ ಮಾತು ಬಂದಾಗ ಇವರೇ ಹೇಳಿದ್ದು: ನನಗೆ ಜಾಝ್ ಶವಯಾತ್ರೆ ಬೇಡ.

ಯಾಕೆ? ಅದನ್ನೇ ಇವತ್ತು ನೋಡೋಣ.

[ಶೀರ್ಷಿಕೆ]

ಮೊದಲು ಹಿನ್ನೆಲೆ, ಬೇಗ ಬೇಗ. ಅಮೆರಿಕದ ಲೂಯಿಸಿಯಾನಾ ರಾಜ್ಯ, ಮಿಸಿಸಿಪ್ಪಿ ನದಿ ದಡದಲ್ಲಿ ನ್ಯೂ ಆರ್ಲಿಯನ್ಸ್. ಗುಲಾಮಗಿರಿ ಕಾನೂನಿನಲ್ಲಿ ಮುಗಿದ ಮೇಲೂ ಕರಿಯರಿಗೆ ವಿಮೆ ಸಿಗ್ತಿರಲಿಲ್ಲ, ಸಾಲ ಸಿಗ್ತಿರಲಿಲ್ಲ. ಹಾಗಾಗಿ ಅವರೇ ಸೇರಿ ಸಂಘ ಕಟ್ಟಿಕೊಂಡ್ರು. ಪ್ರತಿಯೊಬ್ಬರೂ ಚಂದಾ ಕಟ್ಟಬೇಕು. ಕಾಯಿಲೆ ಬಿದ್ದರೆ ಸಂಘ ಡಾಕ್ಟರ ಖರ್ಚು ನೋಡಿಕೊಳ್ಳುತ್ತೆ, ಸತ್ತರೆ ಮಣ್ಣು ಮಾಡುತ್ತೆ. ಬರೀ ಮಣ್ಣು ಮಾಡೋದಲ್ಲ, ಬ್ಯಾಂಡ್ ಕರೆಸಿ ಕಳಿಸಿಕೊಡುತ್ತೆ. 1884ರಲ್ಲಿ ಶುರುವಾದ ಯಂಗ್ ಮೆನ್ ಒಲಿಂಪಿಯನ್ ಅನ್ನೋ ಸಂಘ ಇವತ್ತಿಗೂ ಇದೆ. ಬದುಕಿದ್ದಾಗ ರಸ್ತೆಯಲ್ಲಿ ತಲೆತಗ್ಗಿಸಿ ನಡೀಬೇಕಾಗಿದ್ದ ಮನುಷ್ಯನಿಗೆ ಕೊನೇ ದಿನ ಇಡೀ ರಸ್ತೆ ದಾರಿ ಬಿಡುತ್ತೆ. ಇಷ್ಟು ತಿಳಿದ್ರೆ ಸಾಕು. ಈಗ ನನಗೆ ತುಂಬಾ ಇಷ್ಟವಾದ ಭಾಗ.

[ಮೇಜಿನ ಮೇಲೆ ಒಂದು ಸ್ನೇರ್ ಡ್ರಮ್. ಕ್ಯಾಮೆರಾ ಹತ್ತಿರಕ್ಕೆ.]

ಇದು ಸ್ನೇರ್ ಡ್ರಮ್. ನಿಮ್ಮ ಶಾಲೆಯ ಪಥಸಂಚಲನದಲ್ಲಿ ನೋಡಿರ್ತೀರ. ಮೇಲೊಂದು ಮುಚ್ಚಿಗೆ, ಕೆಳಗೊಂದು ಮುಚ್ಚಿಗೆ. ತಿರುಗಿಸ್ತೀನಿ, ನೋಡಿ. ಕೆಳಗಿನ ಮುಚ್ಚಿಗೆಗೆ ತಾಗಿದ ಹಾಗೆ ಈ ಸುರುಳಿ ತಂತಿಗಳು ಬಿಗಿದಿವೆ. ಮೇಲೆ ಹೊಡೆದ್ರೆ ಒಳಗಿನ ಗಾಳಿ ಕೆಳಗಿನ ಮುಚ್ಚಿಗೆಯನ್ನ ತಳ್ಳುತ್ತೆ, ಅದು ತಂತಿಗಳನ್ನ ಒದರುತ್ತೆ. ಆ ‘ಝರ್ರ್’ ಅನ್ನೋ ಸದ್ದು ಬರೋದು ಅಲ್ಲಿಂದ.

[ಒಂದು ಪೆಟ್ಟು: ಝರ್ರ್.]

ಈಗ ಒಂದು ಕರವಸ್ತ್ರ ತಗೊಳ್ತೀನಿ. ಮಡಚಿ, ತಂತಿಗೂ ಮುಚ್ಚಿಗೆಗೂ ನಡುವೆ ಸೇರಿಸ್ತೀನಿ. ಅಷ್ಟೇ, ಇನ್ನೇನೂ ಮಾಡಿಲ್ಲ.

[ಒಂದು ಪೆಟ್ಟು: ಡುಬ್.]

ಕೇಳಿಸ್ತಾ? ಝರ್ರ್ ಹೋಯ್ತು. ಅದೇ ಡ್ರಮ್, ಅದೇ ಕೋಲು, ಅದೇ ಕೈ. ಆದ್ರೆ ಗಂಟಲು ಕಟ್ಟಿದ ಹಾಗಿದೆ. ಅಳು ತಡೆದುಕೊಂಡು ಮಾತಾಡುವವರ ದನಿ ಹೀಗೇ ಇರುತ್ತಲ್ವಾ?

ಚರ್ಚಿನಿಂದ ಸ್ಮಶಾನದ ತನಕ ಡ್ರಮ್ ಹೀಗೇ ಇರಬೇಕು. ಬ್ಯಾಂಡಿನವರು ಕಪ್ಪು ಸೂಟು, ಬಿಳಿ ಅಂಗಿ, ಕಪ್ಪು ಟೈ, ಟೋಪಿ ಹಾಕಿರ್ತಾರೆ. ಮುಂದೆ ಎದೆ ಮೇಲೆ ಅಡ್ಡಪಟ್ಟಿ ಧರಿಸಿದ ಗ್ರ್ಯಾಂಡ್ ಮಾರ್ಷಲ್. ಅವರು ಹ್ಯಾಟನ್ನ ತಲೆ ಮೇಲೆ ಇಡದೆ ಎದೆಗೆ ಒತ್ತಿಕೊಂಡು, ಒಂದು ಹೆಜ್ಜೆ ಇಟ್ಟು, ನಿಂತು, ಮತ್ತೊಂದು ಹೆಜ್ಜೆ ಇಡ್ತಾರೆ. ನುಡಿಸೋದು ಚರ್ಚಿನ ಪ್ರಾರ್ಥನಾ ಗೀತೆಗಳನ್ನ, ತೀರಾ ನಿಧಾನಕ್ಕೆ. ಈ ದಾರಿಯಲ್ಲಿ ಯಾರೂ ಕುಣಿಯಲ್ಲ.

ಸಮಾಧಿ ಬಂತು. ಅಥವಾ ಶವದ ಗಾಡಿ ಬ್ಯಾಂಡನ್ನ ಬಿಟ್ಟು ಮುಂದೆ ಹೊರಡೋ ಜಾಗ ಬಂತು. ಇದಕ್ಕೆ ಆ ಊರಿನವರು ‘ದೇಹವನ್ನ ಕಡಿದು ಬಿಡೋದು’ ಅಂತಾರೆ, ಕಟ್ಟಿದ ದೋಣಿಯ ಹಗ್ಗ ಕಡಿದು ಬಿಟ್ಟ ಹಾಗೆ. ಗಾಡಿ ದೂರ ಹೋಗುತ್ತೆ. ಡ್ರಮ್ಮಿನವರು ಬಗ್ಗಿ ಆ ಕರವಸ್ತ್ರವನ್ನ ಎಳೀತಾರೆ.

[ಕರವಸ್ತ್ರ ಎಳೆಯುತ್ತಾರೆ. ಉರುಳು ಪೆಟ್ಟು: ಝರ್ರ್ರ್ರ್...]

ಹದಿನೈದು ವರ್ಷದಿಂದ ಈ ಸಂಗೀತ ಕೇಳ್ತಿದ್ದೀನಿ, ಇಲ್ಲಿ ಇವತ್ತಿಗೂ ಮೈ ಜುಮ್ಮೆನ್ನುತ್ತೆ. ಈ ಉರುಳು ಕೇಳಿದ ಮೇಲೇ ಟ್ರಂಪೆಟ್ ಮೇಲಕ್ಕೆ ಏಳೋದು, ಕೊಡೆ ಬಿಚ್ಚಿಕೊಳ್ಳೋದು. ಮನೆಯವರು, ಸಂಘದವರು, ಬ್ಯಾಂಡಿನವರು ಮೊದಲ ಸಾಲು. ಅವರ ಹಿಂದೆ ಕುಣೀತಾ ಬರೋ ಊರಿನ ಜನ ‘ಸೆಕೆಂಡ್ ಲೈನ್’, ಅಂದ್ರೆ ಎರಡನೇ ಸಾಲು. ನಾನು ನಿಮಗೆ ತೋರಿಸಿದ ತುಣುಕು ಕರವಸ್ತ್ರ ತೆಗೆದ ಮೇಲಿನದು. ಅದಕ್ಕೂ ಮುಂಚಿನ ಅಷ್ಟುದ್ದದ ನಿಧಾನದ ನಡಿಗೆಯನ್ನ ನಾನು ತೋರಿಸಿರಲೇ ಇಲ್ಲ. ಅವರು ಅತ್ತು ಮುಗಿಸಿ ಕುಣಿದವರು. ನೀವು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು. ಡ್ಯಾನಿ ಬಾರ್ಕರ್ ಅವರ ಮನಸ್ಸು ನೋಯಿಸಿದ್ದೂ ಇದೇ ಜಾಗದಲ್ಲಿ.

[ಹಳೆಯ ಛಾಯಾಚಿತ್ರ: ಬ್ಯಾಂಜೊ ಹಿಡಿದ ಡ್ಯಾನಿ ಬಾರ್ಕರ್]

ಡ್ಯಾನಿ ಹುಟ್ಟಿದ್ದು 1909ರ ಜನವರಿ 13ರಂದು, ನ್ಯೂ ಆರ್ಲಿಯನ್ಸಿನಲ್ಲೇ. ತಾಯಿಯ ತಂದೆ ಇಸಿಡೋರ್ ಬಾರ್ಬರಿನ್ ಆನ್‌ವರ್ಡ್ ಬ್ರಾಸ್ ಬ್ಯಾಂಡಿನಲ್ಲಿದ್ದವರು. ಸೋದರಮಾವ ಪಾಲ್ ಬಾರ್ಬರಿನ್ ಹೆಸರಾಂತ ಡ್ರಮ್ ವಾದಕ. 1930ರಲ್ಲಿ ಡ್ಯಾನಿ ನ್ಯೂಯಾರ್ಕಿಗೆ ಹೋದ್ರು. ಅಲ್ಲಿ ನ್ಯೂ ಆರ್ಲಿಯನ್ಸಿನವರೇ ಆದ ಹೆಸರಾಂತ ಜಾಝ್ ಪಿಯಾನೊ ವಾದಕ ಜೆಲ್ಲಿ ರೋಲ್ ಮಾರ್ಟನ್ ಇವರನ್ನ ‘ಹೋಮ್‌ಟೌನ್’ ಅಂತಲೇ ಕರೀತಿದ್ರು, ನಮ್ಮೂರ ಹುಡುಗ ಅನ್ನೋ ಅಕ್ಕರೆಯಲ್ಲಿ. 1939ರಿಂದ 1946ರ ತನಕ ಕ್ಯಾಬ್ ಕ್ಯಾಲೊವೇ ಅವರ ದೊಡ್ಡ ವಾದ್ಯವೃಂದದಲ್ಲಿ ಗಿಟಾರ್ ನುಡಿಸಿದ್ರು. ಹೆಂಡತಿ ಬ್ಲೂ ಲೂ ಬಾರ್ಕರ್ ತಾವೇ ಹೆಸರು ಮಾಡಿದ ಬ್ಲೂಸ್ ಗಾಯಕಿ. ಆಕೆಯ ಮೇಲೆ ಪ್ರತ್ಯೇಕ ವಿಡಿಯೋ ಮಾಡಲೇಬೇಕು, ಮಾಡ್ತೀನಿ.

1965ರಲ್ಲಿ ಗಂಡ ಹೆಂಡತಿ ಊರಿಗೆ ವಾಪಸ್ ಬಂದ್ರು. ಡ್ಯಾನಿ ಅಲ್ಲಿನ ಜಾಝ್ ಮ್ಯೂಸಿಯಮ್ಮಿನಲ್ಲಿ ಕೆಲಸಕ್ಕೆ ಸೇರಿದ್ರು. ಆನ್‌ವರ್ಡ್ ಬ್ಯಾಂಡಿಗೆ ಗ್ರ್ಯಾಂಡ್ ಮಾರ್ಷಲ್ ಕೂಡ ಆದ್ರು. ಹ್ಯಾಟನ್ನ ಎದೆಗೊತ್ತಿ ನಡೆಯೋ ಆ ಹೆಜ್ಜೆ ಇವರ ಕಾಲಿಗೇ ಗೊತ್ತಿತ್ತು. ಆದ್ರೆ ಊರು ಬದಲಾಗಿತ್ತು. ಟ್ರೆಮೆ ಅನ್ನೋ ಹಳೇ ಕರಿಯರ ಬಡಾವಣೆಯಲ್ಲಿ ಕ್ಲೈಬೋರ್ನ್ ಅವೆನ್ಯೂ ಅಂತ ಒಂದು ರಸ್ತೆ, ಅದರ ಉದ್ದಕ್ಕೂ ಸಾಲು ಸಾಲು ಓಕ್ ಮರ. ಮೆರವಣಿಗೆ ನಿಂತು ಉಸಿರು ತಗೊಳ್ತಿದ್ದದ್ದು ಆ ನೆರಳಿನಲ್ಲಿ. 1960ರ ದಶಕದಲ್ಲಿ ಆ ಮರಗಳನ್ನೆಲ್ಲ ಕಡಿದು, ತಲೆ ಮೇಲೆ ಹೆದ್ದಾರಿಯ ಸೇತುವೆ ಎತ್ತಿಬಿಟ್ರು. (ಬ್ಯಾಂಡಿನವರು ಇವತ್ತಿಗೂ ಆ ಸೇತುವೆ ಕೆಳಗೆ ಹೋಗಿ ನಿಂತು ನುಡಿಸ್ತಾರೆ, ಕಾಂಕ್ರೀಟಿಗೆ ಬಡಿದು ತಿರುಗಿ ಬರೋ ದನಿಗೋಸ್ಕರ. ಕಿತ್ತುಕೊಂಡವರ ಕಟ್ಟಡವನ್ನೇ ವಾದ್ಯ ಮಾಡಿಕೊಂಡಿದ್ದಾರೆ ಆ ಜನ.)

1969ರ ಫೆಬ್ರವರಿಯಲ್ಲಿ ಮಾವ ಪಾಲ್ ಬಾರ್ಬರಿನ್ ಕಾರ್ನಿವಲ್ ಮೆರವಣಿಗೆಯಲ್ಲಿ ಬ್ಯಾಂಡಿನ ಜೊತೆ ನಡೀತಿದ್ದಾಗಲೇ ಕುಸಿದು ತೀರಿಕೊಂಡ್ರು. ಹಳೇ ತಲೆಗಳು ಒಂದೊಂದಾಗಿ ಹೋಗ್ತಿದ್ವು. ಹುಡುಗರಿಗೆ ಈ ಸಂಗೀತ ಅಂದ್ರೆ ತಾತಂದಿರ ಕಾಲದ್ದು.

ಹೀಗಿರೋವಾಗ, 1970ರ ಆಸುಪಾಸು, ಫೇರ್‌ವ್ಯೂ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ಆಂಡ್ರ್ಯೂ ಡಾರ್ಬಿ ಡ್ಯಾನಿಯವರನ್ನ ಕೇಳಿದ್ರು: ನಮ್ಮ ಮಕ್ಕಳಿಗೊಂದು ಬ್ಯಾಂಡ್ ಕಟ್ಟಿಕೊಡ್ತೀರಾ? ಅರವತ್ತು ದಾಟಿದ ಡ್ಯಾನಿ ಒಪ್ಪಿಕೊಂಡ್ರು. ಹತ್ತಿರದಲ್ಲೇ ಲೀರಾಯ್ ಜೋನ್ಸ್ ಅಂತ ಒಬ್ಬ ಹುಡುಗ ಮನೆ ಗ್ಯಾರೇಜಿನಲ್ಲಿ ಟ್ರಂಪೆಟ್ ಅಭ್ಯಾಸ ಮಾಡ್ತಿದ್ದ. ವಯಸ್ಸು ಹನ್ನೆರಡೋ ಹದಿಮೂರೋ. ಡ್ಯಾನಿ ಅವನನ್ನೇ ಮುಖಂಡನನ್ನಾಗಿ ಮಾಡಿದ್ರು. ಅದೇ ಗ್ಯಾರೇಜು ತಾಲೀಮಿನ ಜಾಗವೂ ಆಯ್ತು.

ಭತ್ತ ಬೆಳೆಯೋರ ಮನೆಯವರಾದ್ರೆ ನಿಮಗೆ ಇದು ತಕ್ಷಣ ಅರ್ಥ ಆಗುತ್ತೆ. ಬೀಜವನ್ನ ನೇರ ದೊಡ್ಡ ಗದ್ದೆಗೆ ಎರಚಲ್ಲ. ಮೂಲೆಯಲ್ಲಿ ಒಂದು ಸಣ್ಣ ಸಸಿಮಡಿ ಮಾಡ್ತೀವಿ. ಅಂಗೈಯಗಲ ಜಾಗದಲ್ಲಿ ಒತ್ತೊತ್ತಾಗಿ ಸಸಿ ಏಳುತ್ತೆ. ಆಮೇಲೆ ಕಿತ್ತು, ಕಟ್ಟು ಕಟ್ಟಿ, ಎಕರೆಗಟ್ಟಲೆ ನೆಡ್ತೀವಿ. ಫೇರ್‌ವ್ಯೂ ಬ್ಯಾಂಡ್ ಅಂಥ ಸಸಿಮಡಿ. ಅಲ್ಲಿಂದ ಹೋದವರು ಯಾರ್ಯಾರು ಗೊತ್ತಾ? ಟ್ರಂಪೆಟ್ಟಿನ ವಿಂಟನ್ ಮಾರ್ಸಾಲಿಸ್, ಪುಟ್ಟ ಹುಡುಗ ಆಗ. 1997ರಲ್ಲಿ ಪುಲಿಟ್ಜರ್ ಸಂಗೀತ ಪ್ರಶಸ್ತಿ ಮೊಟ್ಟಮೊದಲ ಸಲ ಒಂದು ಜಾಝ್ ಕೃತಿಗೆ ಬಂತು, ಅದು ಇವರದ್ದು. ಅಣ್ಣ ಬ್ರ್ಯಾನ್‌ಫರ್ಡ್. ಕ್ಲಾರಿನೆಟ್ಟಿನ ಮೈಕಲ್ ವೈಟ್. ಟ್ರೊಂಬೋನಿನ ಲೂಸಿಯನ್ ಬಾರ್ಬರಿನ್, ಡ್ಯಾನಿಯವರ ನೆಂಟರ ಪೈಕಿಯೇ. ಡ್ರಮ್ಮಿನ ಹರ್ಲಿನ್ ರೈಲಿ. ಟ್ರಂಪೆಟ್ಟಿನ ಗ್ರೆಗ್ ಸ್ಟಾಫರ್ಡ್. ಈ ಕೊನೇ ಹೆಸರನ್ನ ಮರೀಬೇಡಿ, ಮತ್ತೆ ಬರುತ್ತೆ.

ಒಂದು ಚರ್ಚು, ಒಂದು ಗ್ಯಾರೇಜು, ಒಬ್ಬ ಮೇಷ್ಟ್ರು. ನನ್ನ ಲೆಕ್ಕದಲ್ಲಿ 20ನೇ ಶತಮಾನದ ದೊಡ್ಡ ಸಂಗೀತ ಶಾಲೆಗಳ ಸಾಲಿನಲ್ಲಿ ಈ ಗ್ಯಾರೇಜೂ ನಿಲ್ಲುತ್ತೆ.

[ಪರದೆ ಮೇಲೆ: 1974]

ಸಮಯ ಓಡ್ತಿದೆ, ಮುಂದಿನ ಇಪ್ಪತ್ತು ವರ್ಷ ಒಂದೇ ಉಸಿರಿನಲ್ಲಿ ಹೇಳ್ತೀನಿ. ಮಕ್ಕಳನ್ನ ದುಡಿಸಿಕೊಳ್ತಿದ್ದಾರೆ ಅನ್ನೋ ದೂರು ಸಂಗೀತಗಾರರ ಯೂನಿಯನ್ ಕಡೆಯಿಂದ ಬಂತು. ಡ್ಯಾನಿ ಹಿಂದೆ ಸರಿದ್ರು. ದೊಡ್ಡವರಾಗಿದ್ದ ಹುಡುಗರು 1974ರಲ್ಲಿ ಲೀರಾಯ್ ಜೊತೆ ಹರಿಕೇನ್ ಬ್ರಾಸ್ ಬ್ಯಾಂಡ್ ಅಂತ ತಾವೇ ಹೊರಟ್ರು. ಅದರ ಬೆನ್ನಿಗೆ, 1977ರಲ್ಲಿ, ಈ ಬಳಗದ ಹುಡುಗರೇ ಸೇರಿ ಡರ್ಟಿ ಡಜನ್ ಬ್ರಾಸ್ ಬ್ಯಾಂಡ್ ಹುಟ್ಟಿತು. ಅವರು ಕುಣಿಸೋ ತಾಳದ ಫಂಕ್ ಸೇರಿಸಿದ್ರು, ಬಿಬಾಪ್ ಅನ್ನೋ ಚುರುಕಿನ ಜಾಝ್ ಶೈಲಿ ಸೇರಿಸಿದ್ರು, ವೇಗ ಏರಿಸಿದ್ರು. ಊರಿನ ಹರೆಯದವರೆಲ್ಲ ಮತ್ತೆ ರಸ್ತೆಗೆ ಬಂದ್ರು. ಪರಂಪರೆ ಉಳೀತು.

ಆದ್ರೆ ಕರವಸ್ತ್ರ ಕಾಣೆಯಾಗ್ತಾ ಬಂತು. ಶವಯಾತ್ರೆಗೆ ಟೀ ಶರ್ಟು, ಜೀನ್ಸು ಬಂತು. ನಿಧಾನದ ಗೀತೆಗಳನ್ನ ಒಂದೆರಡಕ್ಕೆ ಮುಗಿಸೋದು, ಕೆಲವೊಮ್ಮೆ ಬಿಟ್ಟೇಬಿಡೋದು. ಸ್ಮಶಾನಕ್ಕೆ ಹೋಗೋ ದಾರಿಯಲ್ಲೇ ಕುಣಿತ, ಕುಡಿತ. ಡ್ಯಾನಿಯವರಿಗೆ ಇದನ್ನ ಸಹಿಸೋಕೆ ಆಗಲಿಲ್ಲ. ಇವರ ಸಸಿಮಡಿಯಿಂದ ಹೋದ ಪೈರೇ ಗದ್ದೆಯ ಬಣ್ಣ ಬದಲಿಸಿತ್ತು. ಅದಕ್ಕೇ ಆ ಮಾತು: ನನಗೆ ಬೇಡ.

ಇಲ್ಲಿ ನನ್ನ ಅಭಿಪ್ರಾಯ ಹೇಳಲೇಬೇಕು. ಹೊಸ ಹುಡುಗರನ್ನ ನಾನು ಬೈಯಲ್ಲ. 1980ರ ದಶಕದಿಂದೀಚೆ ಆ ಬಡಾವಣೆಗಳಲ್ಲಿ ಗುಂಡೇಟಿಗೆ ಹರೆಯದ ಹುಡುಗರು ಸಾಯ್ತಿದ್ರು. ಗೆಳೆಯನನ್ನ ಹೂಳೋ ಹದಿನೇಳರ ಹುಡುಗನ ದುಃಖಕ್ಕೆ ಅಷ್ಟು ನಿಧಾನಕ್ಕೆ ನಡೆಯೋ ತಾಳ್ಮೆ ಇರಲ್ಲ. ಆದ್ರೂ ನಾನು ಡ್ಯಾನಿಯವರ ಪಕ್ಷ. ಕರವಸ್ತ್ರ ಇಡದೆ ಹೋದ್ರೆ ಅದನ್ನ ತೆಗೆಯೋ ಗಳಿಗೆಯೂ ಇರಲ್ಲ. ಬಿಡುಗಡೆಯ ಆ ಝರ್ರ್ ಕೇಳಬೇಕಾದ್ರೆ ಅಷ್ಟು ಹೊತ್ತು ಕಟ್ಟಿದ ಗಂಟಲಲ್ಲಿ ನಡೆದಿರಬೇಕು.

[ಸಂಗೀತ ನಿಲ್ಲುತ್ತದೆ.]

1991ರಲ್ಲಿ ಅಮೆರಿಕ ಸರ್ಕಾರದ ಕಲಾನಿಧಿ ಡ್ಯಾನಿಯವರಿಗೆ ಜಾಝ್ ಮಾಸ್ಟರ್ ಗೌರವ ಕೊಟ್ಟಿತು. 1994ರ ಮಾರ್ಚ್ 13ರಂದು, 85ನೇ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡ್ರು.

ಆಗ ಗ್ರೆಗ್ ಸ್ಟಾಫರ್ಡ್ ಮೊದಲಾದ ವಾದ್ಯಗಾರರು ಬ್ಲೂ ಲೂ ಅವರನ್ನ ಒಪ್ಪಿಸಿದ್ರು. ಡ್ಯಾನಿ ಬೇಡ ಅಂದದ್ದು ಹದಗೆಟ್ಟ ಶವಯಾತ್ರೆಯನ್ನ, ನಾವು ಹಳೇ ಕ್ರಮದಲ್ಲೇ, ಮರ್ಯಾದೆಯಿಂದ ಮಾಡ್ತೀವಿ ಅನ್ನೋದು ಅವರ ಭರವಸೆ. ಬ್ಲೂ ಲೂ ಒಪ್ಪಿದ್ರು. ಕಪ್ಪು ಸೂಟು ತೊಟ್ಟು, ನಿಧಾನದ ಹೆಜ್ಜೆಯಲ್ಲಿ, ಗ್ಯಾರೇಜಿನ ಆ ಮಕ್ಕಳು ಮೇಷ್ಟ್ರನ್ನ ಸೇಂಟ್ ಲೂಯಿ ಎರಡನೇ ಸ್ಮಶಾನಕ್ಕೆ ಕರಕೊಂಡು ಹೋದ್ರು. ಟೈ ಕಟ್ಟಿಕೊಂಡು ಬರಬೇಕು, ಸಾಲು ಮುರೀಬಾರದು ಅಂತ ಕಲಿಸಿದವರ ಕಡೇ ಪಯಣದಲ್ಲಿ ಆ ಪಾಠ ಒಪ್ಪಿಸಿದ್ರು.

ಬಿಟ್ಟು ಹೋಗಿರೋ ಎರಡು ವಿಷಯ, ಬೇಗನೆ. ಬ್ಲೂ ಲೂ 1998ರಲ್ಲಿ ಹೋದ್ರು. 2015ರಿಂದ ನ್ಯೂ ಆರ್ಲಿಯನ್ಸಿನಲ್ಲಿ ಡ್ಯಾನಿ ಬಾರ್ಕರ್ ಹೆಸರಿನಲ್ಲಿ ಬ್ಯಾಂಜೊ ಮತ್ತು ಗಿಟಾರ್ ಉತ್ಸವ ನಡೀತಿದೆ.

ಈಗ ಹೆಡ್‌ಫೋನ್ ಹಾಕ್ಕೊಳ್ಳಿ. ನಾನೇ ನುಡಿಸಿದ ಒಂದು ನಿಮಿಷದ ಡ್ರಮ್ ಕೇಳಿಸ್ತೀನಿ, ಚಿತ್ರ ಇರಲ್ಲ. ಮಧ್ಯದಲ್ಲಿ ಎಲ್ಲೋ ಕರವಸ್ತ್ರ ಎಳೀತೀನಿ. ಯಾವ ಸೆಕೆಂಡಿನಲ್ಲಿ ಅಂತ ಕಿವಿಯಲ್ಲೇ ಹಿಡಿದು ನನಗೆ ಬರೀರಿ.

[ಪರದೆ ಕಪ್ಪಾಗುತ್ತದೆ. ನಿಧಾನ, ಮಂದ, ಒಣ ಸದ್ದು.]