ವಯಸ್ಸಾದ ಕಣ್ಣು ಚೀನೀ ಸಾಲನ್ನು ಹೇಗೆ ಓದುತ್ತದೆ?

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಕಣ್ಣು, ಓದು ಮತ್ತು ವಯಸ್ಸಿನ ಬಗ್ಗೆ. ಈ ಮೂರೂ ಸೇರುವ ಒಂದು ಜಾಗ ಚೀನಾದ ಟಿಯಾಂಜಿನ್ ನಗರ. ಅಲ್ಲಿನ ಟಿಯಾಂಜಿನ್ ನಾರ್ಮಲ್ ಯೂನಿವರ್ಸಿಟಿಯವರು ಬ್ರಿಟನ್ನಿನ ಲೆಸ್ಟರ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಒಂದು ಪ್ರಶ್ನೆ ಹಿಡಿದು ಕೂತಿದ್ದಾರೆ. 65 ದಾಟಿದವರು ಚೀನೀ ಓದುವಾಗ ಅವರ ಕಣ್ಣು ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಎಲ್ಲಿಗೆ ಹಾರುತ್ತದೆ? ಅವರಿಗೆ ಸಿಕ್ಕ ಉತ್ತರ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಇಂಗ್ಲಿಷ್ ಓದುಗರನ್ನು ನೋಡಿ ಕಟ್ಟಿದ ಒಂದು ಸಿದ್ಧಾಂತ ಅಲ್ಲಿಗೆ ಹೋದಾಗ ತಲೆಕೆಳಗಾಯಿತು.

ಮೊದಲು ಕಣ್ಣಿನ ಕೆಲಸ ನೋಡೋಣ. ಓದುವಾಗ ಕಣ್ಣು ಸಾಲಿನ ಮೇಲೆ ಸರಾಗವಾಗಿ ಜಾರುತ್ತದೆ ಅಂತ ನಮಗೆಲ್ಲ ಅನ್ನಿಸುತ್ತದೆ, ಅಲ್ವಾ? ಹಾಗಾಗುವುದಿಲ್ಲ. 1870ರ ದಶಕದಲ್ಲೇ ಪ್ಯಾರಿಸ್ಸಿನ ಕಣ್ಣಿನ ವೈದ್ಯ ಎಮಿಲ್ ಜಾವಾಲ್ ಮತ್ತು ಅವರ ಜೊತೆಯವರು ಇದನ್ನು ಗಮನಿಸಿದ್ದರು. ಕಣ್ಣು ಒಂದು ಕಡೆ ನಿಲ್ಲುತ್ತದೆ, ತಟಕ್ಕನೆ ಹಾರುತ್ತದೆ, ಮತ್ತೆ ನಿಲ್ಲುತ್ತದೆ. ಒಂದು ನಿಲುಗಡೆ ಸುಮಾರು ಕಾಲು ಸೆಕೆಂಡು. ಹಾರುವ ಹೊತ್ತಿನಲ್ಲಿ ನಮಗೆ ಹೆಚ್ಚುಕಡಿಮೆ ಏನೂ ಕಾಣುವುದಿಲ್ಲ. ನಿಂತಾಗ ಕಂಡದ್ದಷ್ಟೇ ಓದು. ಆಗಾಗ ಕಣ್ಣು ಹಿಂದಕ್ಕೂ ಹಾರುತ್ತದೆ, ಓದಿದ್ದನ್ನು ಇನ್ನೊಮ್ಮೆ ನೋಡಿ ಬರುತ್ತದೆ.

ಕೈ ನೀಟಾಗಿ ಮುಂದೆ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಆ ಬೆರಳಿನ ಅಗಲ ಇದೆಯಲ್ಲ, ಹೆಚ್ಚುಕಡಿಮೆ ಅಷ್ಟೇ ಜಾಗ ನಮಗೆ ಒಂದು ನೋಟದಲ್ಲಿ ಸ್ಪಷ್ಟವಾಗಿ ಕಾಣುವುದು. ಅದರ ಆಚೆ ಎಲ್ಲ ಮಸುಕು. ಆದರೆ ಆ ಮಸುಕು ದಂಡ ಅಲ್ಲ. ಮುಂದಿನ ಪದ ಉದ್ದವೋ ಗಿಡ್ಡವೋ, ಅದರ ಮೇಲೆ ನಿಲ್ಲಬೇಕೋ ದಾಟಿ ಹೋಗಬಹುದೋ ಅನ್ನುವುದನ್ನು ಕಣ್ಣು ಅಲ್ಲಿಂದಲೇ ಲೆಕ್ಕ ಹಾಕುತ್ತದೆ. ಇದನ್ನು ಅಳೆಯಲು 1975ರಲ್ಲಿ ಅಮೆರಿಕದ ಜಾರ್ಜ್ ಮೆಕಾಂಕಿ ಮತ್ತು ಕೀತ್ ರೇನರ್ ಒಂದು ಒಳ್ಳೆಯ ಉಪಾಯ ಮಾಡಿದರು. ಪರದೆಯ ಮೇಲಿನ ಸಾಲಿನಲ್ಲಿ ಕಣ್ಣು ನಿಂತ ಕಡೆ ಮಾತ್ರ ನಿಜವಾದ ಅಕ್ಷರ. ಉಳಿದ ಕಡೆ ಅರ್ಥವಿಲ್ಲದ ಗುರುತುಗಳು. ಕಣ್ಣು ಸರಿದಂತೆ ಆ ಕಿಟಕಿಯೂ ಸರಿಯುತ್ತದೆ. ಕಿಟಕಿ ಎಷ್ಟು ಕಿರಿದಾದಾಗ ಓದು ಕುಂಟುತ್ತದೆ ಅಂತ ನೋಡಿದರೆ, ಒಂದು ನೋಟಕ್ಕೆ ಎಷ್ಟು ದಕ್ಕುತ್ತದೆ ಅಂತ ತಿಳಿಯುತ್ತದೆ. ಇಂಗ್ಲಿಷ್‌ನಲ್ಲಿ ಎಡಕ್ಕೆ ಮೂರ್ನಾಲ್ಕು ಅಕ್ಷರ, ಬಲಕ್ಕೆ 14–15 ಅಕ್ಷರ. ಹೀಬ್ರೂ ಬಲದಿಂದ ಎಡಕ್ಕೆ ಓದುವ ಭಾಷೆ. ಅಲ್ಲಿ ಇದು ತಿರುಗುಮುರುಗು. ಚೀನೀಯಲ್ಲಿ ಎಡಕ್ಕೆ ಒಂದು, ಬಲಕ್ಕೆ ಎರಡು–ಮೂರು ಅಕ್ಷರ ಅಷ್ಟೇ.

ಎರಡು–ಮೂರು ಅಂದರೆ ಕಡಿಮೆ ಅನ್ನಿಸಬಹುದು. ಆದರೆ ಚೀನೀಯ ಒಂದೊಂದು ಅಕ್ಷರದಲ್ಲೂ ಅಷ್ಟು ಸರಕು ತುಂಬಿರುತ್ತದೆ. 'ಒಂದು' ಅನ್ನಲು ಅಡ್ಡಗೆರೆ ಒಂದೇ ಸಾಕು. 'ಡ್ರ್ಯಾಗನ್' ಅನ್ನುವ ಅಕ್ಷರಕ್ಕೆ ಹಳೆಯ ಬರಹದಲ್ಲಿ 16 ಗೆರೆ. 1956ರಲ್ಲಿ ಚೀನಾ ಸರ್ಕಾರ ಅಕ್ಷರಗಳನ್ನು ಸರಳ ಮಾಡಲು ಹೊರಟಿತು. ಸರಳವಾದ ಡ್ರ್ಯಾಗನ್‌ಗೆ 5 ಗೆರೆ ಸಾಕು. ತೈವಾನ್ ಮತ್ತು ಹಾಂಗ್‌ಕಾಂಗ್‌ನಲ್ಲಿ ಇವತ್ತಿಗೂ ಹಳೆಯ ರೂಪವೇ ನಡೆಯುತ್ತದೆ. ಗೆರೆ ಒಂದಿರಲಿ, ಹದಿನಾರಿರಲಿ, ಪ್ರತಿ ಅಕ್ಷರಕ್ಕೂ ಸಿಗುವುದು ಒಂದೇ ಅಳತೆಯ ಚೌಕ.

ಇನ್ನೊಂದು ವಿಷಯ, ಇದೇ ಇವತ್ತಿನ ಮಾತಿನ ತಿರುಳು. ಚೀನೀ ಬರಹದಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ. ಹೆಚ್ಚಿನ ಪದಗಳು ಎರಡು ಅಕ್ಷರದವು. ಆದರೆ ಒಂದು ಪದ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರುವಾಯಿತು ಅಂತ ಸಾಲು ಹೇಳುವುದಿಲ್ಲ. ಓದುವವರೇ ಕತ್ತರಿಸಿಕೊಳ್ಳಬೇಕು. ಸಂಶೋಧಕರು ಬಳಸುವ ಒಂದು ಉದಾಹರಣೆ ಹೇಳುತ್ತೇನೆ. ಹುವಾ, ಶಂಗ್, ಜಾಂಗ್ ಅಂತ ಮೂರು ಅಕ್ಷರ ಸಾಲಾಗಿ ಬಂತು ಅನ್ನಿ. ಮೊದಲ ಎರಡು ಸೇರಿದರೆ ಕಡಲೆಕಾಯಿ. ಕೊನೆಯ ಎರಡು ಸೇರಿದರೆ ಬೆಳೆಯುವುದು. ಅಂದರೆ 'ಕಡಲೆಕಾಯಿ ಬೆಳೆಯುತ್ತದೆ' ಅಂತಲೂ ಆಗಬಹುದು, 'ಹೂವು ಬೆಳೆಯುತ್ತದೆ' ಅಂತಲೂ ಆಗಬಹುದು. ಮುಂದೆ ಬರುವ ಮಾತು ನೋಡಿ ತೀರ್ಮಾನ ಮಾಡಬೇಕು. ಬೀಜಿಂಗ್‌ನ ಚೀನೀ ವಿಜ್ಞಾನ ಅಕಾಡೆಮಿಯ ಲಿ ಶಿಂಗ್‌ಶಾನ್ ಮತ್ತು ಅಮೆರಿಕದ ಅಲೆಕ್ಸಾಂಡರ್ ಪೊಲಾಟ್‌ಸೆಕ್ 2020ರಲ್ಲಿ ಚೀನೀ ಓದಿನ ಒಂದು ಮಾದರಿ ಕೊಟ್ಟರು. ಅದರ ಪ್ರಕಾರ ಪದ ಕತ್ತರಿಸುವುದೂ ಪದ ಗುರುತಿಸುವುದೂ ಬೇರೆ ಬೇರೆ ಕೆಲಸ ಅಲ್ಲ. ನೋಟದೊಳಗೆ ಬಿದ್ದ ಅಕ್ಷರಗಳಿಂದ ಹುಟ್ಟಬಹುದಾದ ಪದಗಳೆಲ್ಲ ಒಂದರ ಜೊತೆ ಒಂದು ಪೈಪೋಟಿ ಮಾಡುತ್ತವೆ. ಒಂದು ಗೆಲ್ಲುತ್ತದೆ. ಅದು ಗೆದ್ದಾಗಲೇ ಪದದ ಗಡಿಯೂ ಬಿದ್ದ ಹಾಗೆ.

ಹಾಗಾದರೆ ಸುಮ್ನೆ ಪದಗಳ ನಡುವೆ ಜಾಗ ಬಿಟ್ಟು ಅಚ್ಚು ಹಾಕಿದರೆ ಆಯಿತಲ್ಲ? ಟಿಯಾಂಜಿನ್‌ನ ಬಾಯ್ ಶುಯೆಜುನ್ ಮತ್ತು ಸಂಗಡಿಗರು 2008ರಲ್ಲಿ ಇದನ್ನೇ ಪರೀಕ್ಷಿಸಿದರು. ಪದಗಳ ನಡುವೆ ಜಾಗ ಬಿಟ್ಟಾಗ ದೊಡ್ಡವರ ಓದು ಜೋರಾಗಲೂ ಇಲ್ಲ, ನಿಧಾನವಾಗಲೂ ಇಲ್ಲ. ಅಕ್ಷರ ಅಕ್ಷರಕ್ಕೂ ಜಾಗ ಬಿಟ್ಟಾಗ, ಅಥವಾ ತಪ್ಪು ಜಾಗದಲ್ಲಿ ಕತ್ತರಿಸಿದಾಗ, ಓದು ನಿಧಾನವಾಯಿತು. ಕಂಡೇ ಇರದ ರೂಪದಲ್ಲಿ ಸಾಲು ಬಂದರೂ ಓದು ಕೆಡಲಿಲ್ಲ ಅನ್ನುವುದನ್ನು ಗಮನಿಸಿ. ಜಾಗದಿಂದ ಸಿಕ್ಕ ಲಾಭ, ಅಭ್ಯಾಸ ತಪ್ಪಿದ ನಷ್ಟ, ಎರಡೂ ಸರಿಹೋದವು ಅಂತ ಸಂಶೋಧಕರು ಅರ್ಥ ಮಾಡಿಕೊಂಡರು.

ಈಗ ವಯಸ್ಸಿಗೆ ಬರೋಣ. 2006ರಲ್ಲಿ ರೇನರ್ ಮತ್ತು ಸಂಗಡಿಗರು ಇಂಗ್ಲಿಷ್ ಓದುವ ಹಿರಿಯರನ್ನು ನೋಡಿದರು. ಅವರ ನಿಲುಗಡೆ ಉದ್ದ, ಓದು ನಿಧಾನ. ಇದು ನಿರೀಕ್ಷೆ ಇದ್ದದ್ದೇ. ಆದರೆ ಅವರು ಪದಗಳನ್ನು ಜಾಸ್ತಿ ಹಾರಿಸುತ್ತಿದ್ದರು, ಜಿಗಿತ ಉದ್ದವಾಗಿತ್ತು, ಹಿಂದಕ್ಕೂ ಜಾಸ್ತಿ ಬರುತ್ತಿದ್ದರು. ರೇನರ್ ಹೇಳಿದ್ದು ಇಷ್ಟು: ಕಣ್ಣಿನ ಚುರುಕು ಕಡಿಮೆಯಾದಾಗ ಹಿರಿಯರು ಮುಂದಿನ ಪದ ಏನಿರಬಹುದು ಅಂತ ಊಹಿಸಿ ಹಾರುತ್ತಾರೆ. ಊಹೆ ತಪ್ಪಿದರೆ ವಾಪಸ್ ಬರುತ್ತಾರೆ. ಇದಕ್ಕೆ 'ಅಪಾಯದ ಓದು' ಅನ್ನುವ ಹೆಸರು ಬಿತ್ತು. ಇಂಗ್ಲಿಷ್‌ನಲ್ಲೂ ಆಮೇಲಿನ ಎಲ್ಲ ಅಧ್ಯಯನಗಳು ಇದನ್ನೇ ಕಾಣಲಿಲ್ಲ. ಆದರೂ ಬಹಳ ಕಾಲ 'ಮುಪ್ಪಿನ ಓದು ಅಂದರೆ ಹೀಗೆ' ಅನ್ನುವ ಚಿತ್ರ ಇದೇ ಆಗಿತ್ತು.

ಟಿಯಾಂಜಿನ್‌ನ ವಾಂಗ್ ಜಿಂಗ್‌ಶಿನ್, ಲೆಸ್ಟರ್‌ನ ಕೆವಿನ್ ಪ್ಯಾಟರ್ಸನ್ ಮತ್ತು ಸಂಗಡಿಗರು ಚೀನೀ ಓದುವ ಯುವಕರನ್ನೂ ಹಿರಿಯರನ್ನೂ ಕೂರಿಸಿ ನೋಡಿದಾಗ ಚಿತ್ರ ಬೇರೆಯೇ ಬಂತು. ನಿಲುಗಡೆ ಉದ್ದವಾಗಿತ್ತು, ಜಾಸ್ತಿಯೂ ಆಗಿತ್ತು, ಹಿಂದೆ ತಿರುಗುವುದೂ ಹೆಚ್ಚಿತ್ತು. ಆದರೆ ಹಾರಿಸುವುದು? ಯುವಕರಿಗಿಂತ ಕಡಿಮೆ! ಚೀನೀ ಹಿರಿಯರು ಹೆಜ್ಜೆ ನೋಡಿ ಇಡುತ್ತಿದ್ದರು.

ಯಾಕೆ? ನನ್ನ ತಿಳುವಳಿಕೆಯಲ್ಲಿ ಇದಕ್ಕೆ ಕಾರಣ ಚೀನೀಯರ ಸ್ವಭಾವದಲ್ಲಿಲ್ಲ, ಬರಹದಲ್ಲಿದೆ. ಇಂಗ್ಲಿಷ್‌ನಲ್ಲಿ ಹಾರಬೇಕಾದರೆ ಪದದ ಗಡಿ ಮಸುಕಿನಲ್ಲೂ ಕಾಣುತ್ತದೆ. ಮೂರಕ್ಷರದ ಗಿಡ್ಡ ಪದ ಬಂದರೆ ಅದು 'ದಿ' ಇರಬೇಕು ಅಂತ ಧೈರ್ಯವಾಗಿ ದಾಟಬಹುದು. ಚೀನೀಯಲ್ಲಿ ದಾಟಬೇಕಾದ ಪದ ಎಲ್ಲಿ ಮುಗಿಯುತ್ತದೆ ಅಂತಲೇ ಮೊದಲು ಗೊತ್ತಾಗಬೇಕು. ಅದಕ್ಕೆ ಅಕ್ಷರ ಕಾಣಬೇಕು. ವಯಸ್ಸಾದ ಕಣ್ಣಿಗೆ ಬೆಳಕು–ನೆರಳಿನ ಸಣ್ಣ ವ್ಯತ್ಯಾಸ ತಿಳಿಯುವುದು ಕಡಿಮೆಯಾಗುತ್ತದೆ. ಪಕ್ಕಪಕ್ಕದ ಗೆರೆಗಳು ಒಂದಕ್ಕೊಂದು ಕಲಸಿಹೋಗುತ್ತವೆ. ಕನ್ನಡಕ ಹಾಕಿದರೂ ಇದು ಪೂರ್ತಿ ಹೋಗುವುದಿಲ್ಲ. ಇದಕ್ಕೆ ಪುರಾವೆಯೂ ಇದೆ. ಜಾಸ್ತಿ ಗೆರೆಯ ಅಕ್ಷರಗಳು ಬಂದಾಗ ಯುವಕರಿಗಿಂತ ಹಿರಿಯರ ಓದು ಹೆಚ್ಚು ನಿಧಾನವಾಗುತ್ತದೆ ಅಂತ ಇದೇ ತಂಡ 2019ರಲ್ಲಿ ತೋರಿಸಿತು.

ಇಲ್ಲಿಗೆ ಮುಗಿದಿದ್ದರೆ ಇದು ಬರೀ ಕುಂದಿನ ಕಥೆ ಆಗುತ್ತಿತ್ತು. ಆದರೆ ಅದೇ ವರ್ಷ ಅವರು ಇನ್ನೊಂದು ಫಲಿತಾಂಶವನ್ನೂ ಹೊರತಂದರು. ಹಿಂದಿನ ಮಾತಿನಿಂದ ಊಹಿಸಬಹುದಾದ ಪದ ಬಂದಾಗ ಎಲ್ಲರ ಓದೂ ಚುರುಕಾಗುತ್ತದೆ. ಆದರೆ ಹಿರಿಯರಿಗೆ ಆ ಲಾಭ ಯುವಕರಿಗಿಂತ ಜಾಸ್ತಿ. ಅಂದರೆ ಅವರು ಊಹಿಸುತ್ತಿದ್ದಾರೆ, ಚೆನ್ನಾಗಿಯೇ ಊಹಿಸುತ್ತಿದ್ದಾರೆ. ಊಹೆಯನ್ನು ನಂಬಿ ಕಣ್ಣುಮುಚ್ಚಿ ಹಾರುವುದಿಲ್ಲ, ಅಷ್ಟೆ. ಪದದ ಮೇಲೆ ನಿಂತು, ಊಹೆಯನ್ನು ಕಣ್ಣಿನ ಜೊತೆ ತಾಳೆ ನೋಡಿ, ಮುಂದೆ ಹೋಗುತ್ತಾರೆ. ಓದಿದ ವಾಕ್ಯದ ಮೇಲೆ ಪ್ರಶ್ನೆ ಕೇಳಿದರೆ ಅವರೂ ಯುವಕರ ಹಾಗೇ ಸರಿಯಾಗಿ ಉತ್ತರ ಕೊಡುತ್ತಾರೆ. ಹತ್ತಾರು ವರ್ಷ ಓದಿದ ಅನುಭವ ಕಣ್ಣಿನ ಕೊರತೆಯನ್ನು ತುಂಬಿಕೊಡುತ್ತಿದೆ. 'ಅಜ್ಜನಿಗೆ ಓದೋದು ನಿಧಾನ, ಪಾಪ' ಅನ್ನುವವರಿಗೆ ಈ ಫಲಿತಾಂಶ ಹೇಳಬೇಕು ಅಂತ ನನಗೆ ತುಂಬಾ ಆಸೆ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಈ ಅಧ್ಯಯನಗಳಲ್ಲಿ ಹೋಲಿಸುವುದು ಇವತ್ತಿನ ಯುವಕರನ್ನು ಇವತ್ತಿನ ಹಿರಿಯರ ಜೊತೆ. ಚೀನಾದಲ್ಲಿ ಇದು ಸಣ್ಣ ಸಂಗತಿ ಅಲ್ಲ. 1950ರಲ್ಲಿ ಹುಟ್ಟಿದ ಒಬ್ಬರನ್ನು ತೆಗೆದುಕೊಳ್ಳಿ. ಅವರು ಶಾಲೆಗೆ ಸೇರುವ ಹೊತ್ತಿಗೆ ಸರಳ ಅಕ್ಷರ ಬಂದಿತ್ತು. 1956ರ ಜನವರಿ 1ರಿಂದ ಪೀಪಲ್ಸ್ ಡೈಲಿ ಪತ್ರಿಕೆಯೂ ಮೇಲಿಂದ ಕೆಳಗಿನ ಸಾಲು ಬಿಟ್ಟು ಅಡ್ಡ ಸಾಲಿಗೆ ತಿರುಗಿತ್ತು. ಹಾಗಾಗಿ ಅವರ ಕಣ್ಣು ಕಲಿತದ್ದು ಇವತ್ತಿನ ಬರಹವನ್ನೇ. ಆದರೆ ಅವರಿಗೆ 16 ಆದಾಗ ಸಾಂಸ್ಕೃತಿಕ ಕ್ರಾಂತಿ ಶುರುವಾಯಿತು. ಕಾಲೇಜು ಪ್ರವೇಶ ಪರೀಕ್ಷೆ ನಿಂತುಹೋಯಿತು, ಮತ್ತೆ ನಡೆದದ್ದು 1977ರಲ್ಲಿ. ಇವತ್ತಿನ ಇಪ್ಪತ್ತರ ವಿದ್ಯಾರ್ಥಿ ಓದಿನಲ್ಲೇ ಮುಳುಗಿ ಬೆಳೆದವರು. ಇಬ್ಬರ ನಡುವೆ ಕಂಡ ವ್ಯತ್ಯಾಸದಲ್ಲಿ ವಯಸ್ಸಿನ ಪಾಲು ಎಷ್ಟು, ಇತಿಹಾಸದ ಪಾಲು ಎಷ್ಟು? ಇಂಥ ಹೋಲಿಕೆಯಲ್ಲಿ ಶಾಲೆ ಓದಿದ ವರ್ಷಗಳನ್ನು ಹೊಂದಿಸಿಕೊಳ್ಳುವುದು ರೂಢಿ. ಅದು ಬೇಕು, ಆದರೆ ಅದರಿಂದ ಎಲ್ಲವೂ ಸರಿಹೋಗುವುದಿಲ್ಲ. ಅದೇ ವ್ಯಕ್ತಿಗಳನ್ನು ನಲವತ್ತರಲ್ಲಿ, ಐವತ್ತರಲ್ಲಿ, ಅರವತ್ತರಲ್ಲಿ ಮತ್ತೆ ಮತ್ತೆ ಕೂರಿಸಿ ನೋಡಬೇಕು. ನಡುವಯಸ್ಸಿನವರ ಬಗ್ಗೆ ಇಂಥ ಕೆಲಸ ಬಹಳ ಕಡಿಮೆ. ನಿಧಾನ ಯಾವಾಗ ಶುರುವಾಗುತ್ತದೆ ಅನ್ನುವುದು ಅಲ್ಲೇ ಸಿಗಬೇಕಾದ ಉತ್ತರ.

2020ರ ಜನಗಣತಿಯ ಪ್ರಕಾರ ಚೀನಾದಲ್ಲಿ 60 ದಾಟಿದವರು ಸುಮಾರು 26 ಕೋಟಿ. ಇಷ್ಟು ಜನ ದಿನವೂ ಫೋನಿನ ಪರದೆ, ಔಷಧಿಯ ಚೀಟಿ, ಬ್ಯಾಂಕಿನ ಫಾರಂ ಓದಬೇಕು. ಗೆರೆ ಕಲಸಿಹೋಗುವ ಸಣ್ಣ ಅಚ್ಚು ಅವರಿಗೆ ಎಷ್ಟು ಕಷ್ಟ ಕೊಡುತ್ತದೆ ಅನ್ನುವುದು ಈಗ ಅಳತೆಗೆ ಸಿಕ್ಕಿದೆ. ಅಚ್ಚಿನ ವಿನ್ಯಾಸ ಮಾಡುವವರು ಈ ಫಲಿತಾಂಶಗಳನ್ನು ಓದಬೇಕು.

ನಮ್ಮ ಕಡೆಯವರು ಇದನ್ನು ಕೇಳಿದಾಗ 'ಹಾಗಾದರೆ ಕನ್ನಡ ಓದುವ ಹಿರಿಯರು ಹಾರುತ್ತಾರೋ, ನಿಲ್ಲುತ್ತಾರೋ?' ಅಂತ ಕೇಳುವುದು ಸಹಜ. ಕನ್ನಡದಲ್ಲಿ ಪದಗಳ ನಡುವೆ ಜಾಗ ಇದೆ, ಇಂಗ್ಲಿಷ್ ಹಾಗೆ. ಆದರೆ ವಿಭಕ್ತಿ, ಸಂಧಿ ಎಲ್ಲ ಸೇರಿ ಪದ ಉದ್ದವಾಗುತ್ತದೆ. ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಅದರ ಸಣ್ಣ ಗೆರೆಗಳು ಚೀನೀಯ ಹಾಗೆ ದಟ್ಟ. ಹಾಗಾಗಿ ಟಿಯಾಂಜಿನ್‌ನ ಉತ್ತರವನ್ನೂ ಇಲ್ಲಿಗೆ ಎತ್ತಿ ತರಬಾರದು, ರೇನರ್ ಅವರ ಉತ್ತರವನ್ನೂ ತರಬಾರದು. ಅವರ ಪ್ರಯೋಗದ ವಿಧಾನ ಮಾತ್ರ ನಮಗೆ ನೇರವಾಗಿ ಬಳಕೆಗೆ ಬರುತ್ತದೆ. ಕಣ್ಣನ್ನು ಹಿಂಬಾಲಿಸುವ ಒಂದು ಯಂತ್ರ, ಚೆನ್ನಾಗಿ ಬರೆದ ವಾಕ್ಯಗಳು, ತಾಳ್ಮೆಯಿಂದ ಕೂತು ಓದುವ ಯುವಕರು ಮತ್ತು ಹಿರಿಯರು. ಇಷ್ಟಿದ್ದರೆ ಕೆಲಸ ಶುರು ಮಾಡಬಹುದು. ವಾಕ್ಯಗಳನ್ನು ಹೇಗೆ ಆರಿಸುವುದು ಅನ್ನುವುದು ಇದರಲ್ಲಿ ಕಷ್ಟದ ಭಾಗ. ಆಸಕ್ತಿ ಇರುವ ವಿದ್ಯಾರ್ಥಿಗಳು ಈಗ ಮುಂದೆ ಬಂದು ಕೂತರೆ ಅದರ ಬಗ್ಗೆ ಮಾತಾಡೋಣ.