ಸೈರನ್ ಕೇಳಿ ಶಾಲೆಗೆ ಹೊರಡುತ್ತಿದ್ದವರು

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ದಯವಿಟ್ಟು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇವೆ. ಮುಂದಿನ ಬೆಂಚು ಯಾರಿಗೂ ಬೇಡ, ಅದು ಶಾಲೆಯಲ್ಲೂ ಹಾಗೇ, ಇಲ್ಲೂ ಹಾಗೇ.

ಹುಟ್ಟೂರಿನ ಶಾಲೆಯ ದಿನಗಳ ಬಗ್ಗೆ ಮಾತಾಡಿ ಅಂದರು. ಒಪ್ಪಿಕೊಂಡೆ. ನಮ್ಮೂರು ಭದ್ರಾವತಿ. ಶಿವಮೊಗ್ಗ ಜಿಲ್ಲೆ ಅಂದ ತಕ್ಷಣ ಜನ "ಓ, ತೋಟ ಇದೆಯಾ?" ಅಂತ ಕೇಳುತ್ತಾರೆ. ಮಲೆನಾಡಿನ ಬಾಲ್ಯ ಅಂದರೆ ಅವರ ತಲೆಯಲ್ಲಿ ಅಡಿಕೆ ಮರ, ಸಂಕ, ಕಂಬಳಿ ಕೊಪ್ಪೆ, ಹಲಸಿನ ಹಪ್ಪಳ. ನಮಗೆ ಅದ್ಯಾವುದೂ ಇರಲಿಲ್ಲ. ನಮಗಿದ್ದದ್ದು ಕ್ವಾರ್ಟರ್ಸು, ಅಪ್ಪನ ಸೈಕಲ್ಲು, ಮತ್ತೆ ಕಾರ್ಖಾನೆಯ ಸೈರನ್ನು. ಅಪ್ಪ ಕಬ್ಬಿಣದ ಕಾರ್ಖಾನೆಯ ಫೌಂಡ್ರಿಯಲ್ಲಿ, ಅಂದರೆ ಎರಕ ಹೊಯ್ಯುವ ಕಡೆ, ಮೋಲ್ಡರ್ ಆಗಿದ್ದರು, ಕಾದ ಕಬ್ಬಿಣ ಸುರಿಯಲು ಮರಳಿನ ಅಚ್ಚು ಮಾಡುವವರು. ನಾನು ಶಾಲೆಗೆ ಹೋದದ್ದು ಎಪ್ಪತ್ತು, ಎಂಬತ್ತರ ದಶಕದಲ್ಲಿ.

ನಮ್ಮ ಮನೆಯಲ್ಲಿ ಒಂದು ಗೋಡೆ ಗಡಿಯಾರ ಇತ್ತು, ಆದರೆ ಅದನ್ನು ಯಾರೂ ನಂಬುತ್ತಿರಲಿಲ್ಲ. ಸೈರನ್ ಹೊಡೆದ ಮೇಲೆ ಗಡಿಯಾರವನ್ನೇ ತಿದ್ದುತ್ತಿದ್ದೆವು. ಅಮ್ಮ ಅಕ್ಕಿ ತೊಳೆಯುವುದು, ನಾವು ಜಡೆ ಹಾಕಿಸಿಕೊಂಡು ಶಾಲೆಗೆ ಹೊರಡುವುದು, ಎಲ್ಲ ಅದರ ಲೆಕ್ಕದಲ್ಲೇ. ಇಡೀ ಬೀದಿಯಲ್ಲಿ ಎಲ್ಲರ ಅಪ್ಪಂದಿರೂ ಶಿಫ್ಟಿನವರು. ಫಸ್ಟ್ ಶಿಫ್ಟ್, ಸೆಕೆಂಡ್ ಶಿಫ್ಟ್, ನೈಟ್ ಶಿಫ್ಟ್. ನೈಟ್ ಮುಗಿಸಿ ಬಂದವರು ಬೆಳಗ್ಗೆ ಮಲಗಿದರೆ ಆ ಮನೆಯ ಮಕ್ಕಳು ಬಾಗಿಲ ಹತ್ತಿರ ಗಲಾಟೆ ಮಾಡುವ ಹಾಗಿಲ್ಲ. "ಶ್, ಅಪ್ಪ ನೈಟು" ಅಂದರೆ ಸಾಕು, ಬೀದಿಯ ಎಲ್ಲ ಮಕ್ಕಳೂ ಆಟ ಎತ್ತಿಕೊಂಡು ಮುಂದಿನ ಕ್ರಾಸಿಗೆ ಹೋಗುತ್ತಿದ್ದೆವು. ನಾನು ಹದಿನೇಳರ ಮಗ್ಗಿ ಕಲಿತದ್ದು ಪಿಸುಮಾತಿನಲ್ಲಿ. ಕ್ಲಾಸಿನಲ್ಲಿ ಜೋರಾಗಿ ಹೇಳು ಅಂದರೆ ತಪ್ಪುತ್ತಿತ್ತು.

ಊರಿನ ಕಥೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಶಾಲೆಯ ಕಥೆ ಅರ್ಥ ಆಗುವುದಿಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ, 1923ರಲ್ಲಿ ಇಲ್ಲಿ ಕಬ್ಬಿಣ ಕರಗಿಸುವುದು ಶುರುವಾಯಿತು. ಅದಿರು ಬರುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ, ಬೆಟ್ಟದಿಂದ ಕೆಳಕ್ಕೆ ರೋಪ್‌ವೇಯಲ್ಲಿ. ಕರಗಿಸಲು ಕಲ್ಲಿದ್ದಲು ಅಲ್ಲ, ಮಲೆನಾಡಿನ ಕಾಡಿನ ಇದ್ದಿಲು. ಮೊದಮೊದಲು ಲುಕ್ಸಾನು. ಆಗ ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ಕರೆದು ಕಾರ್ಖಾನೆಯನ್ನು ಒಪ್ಪಿಸಿದರು. 1929ರವರೆಗೆ ಅವರೇ ಅಧ್ಯಕ್ಷರಾಗಿದ್ದು ಅದನ್ನು ದಡ ಹತ್ತಿಸಿದರು. 1930ರ ದಶಕದಲ್ಲಿ ಪಕ್ಕದಲ್ಲೇ ಕಾಗದದ ಕಾರ್ಖಾನೆಯೂ ಬಂತು. ಒಂದು ಸಣ್ಣ ಊರಿಗೆ ಎರಡು ದೊಡ್ಡ ಕಾರ್ಖಾನೆ. ಕೆಲಸ ಇದೆ ಅಂತ ಗೊತ್ತಾದ ಮೇಲೆ ಎಲ್ಲೆಲ್ಲಿಂದಲೋ ಜನ ಬಂದರು.

ನಮ್ಮ ಕ್ಲಾಸಿನಲ್ಲಿ ಅದು ಹೇಗಿತ್ತು ಅಂದರೆ, ಹಾಜರಿ ಕೂಗುವಾಗ ಹೆಸರುಗಳಲ್ಲೇ ಅರ್ಧ ದಕ್ಷಿಣ ಭಾರತ ಎದ್ದು "ಪ್ರೆಸೆಂಟ್ ಸಾರ್" ಅನ್ನುತ್ತಿತ್ತು. ಮನೆಯಲ್ಲಿ ತಮಿಳು ಮಾತಾಡುವವರು, ತೆಲುಗಿನವರು, ಉರ್ದುವಿನವರು, ಮಲಯಾಳಿಗಳು, ತುಳುವಿನವರು. ಆಟದ ಜಗಳ ಮಾತ್ರ ಕನ್ನಡದಲ್ಲಿ. ನನ್ನ ಪಕ್ಕದ ಮನೆಯ ತಮಿಳು ಹುಡುಗ ಕನ್ನಡ ಕಂಠಪಾಠ ಸ್ಪರ್ಧೆಯಲ್ಲಿ ಪ್ರತಿ ವರ್ಷ ಬಹುಮಾನ ಹೊಡೆಯುತ್ತಿದ್ದ, ನಮಗೆ ಅದೇನು ದೊಡ್ಡ ವಿಷಯ ಅಂತ ಅನ್ನಿಸಿರಲೇ ಇಲ್ಲ. ಈಗ ಭಾಷೆಯ ಜಗಳ ನೋಡಿದಾಗ ಅವನ ನೆನಪಾಗುತ್ತದೆ. ಅವನಿಗೆ ಯಾರೂ ಕನ್ನಡ ಕಲಿ ಅಂತ ಹೇಳಲಿಲ್ಲ. ಕಲಿಯದಿದ್ದರೆ ಆಟಕ್ಕೆ ಸೇರಿಸುತ್ತಿರಲಿಲ್ಲ, ಅಷ್ಟೇ.

ಇನ್ನು ಕಪ್ಪು ಹಲಗೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಲ್ಲಿರುವ ಚಿಕ್ಕವರು ನೋಡಿರುವುದಿಲ್ಲ. ಹಲಗೆ ಹಳೆಯದಾದರೆ ಬೂದು ಬಣ್ಣಕ್ಕೆ ತಿರುಗಿ ಸೀಮೆಸುಣ್ಣ ಹಿಡಿಯುವುದಿಲ್ಲ, ಬರೆದದ್ದು ಕಾಣುವುದಿಲ್ಲ. ಬಣ್ಣ ಹೊಡೆಸಲು ದುಡ್ಡು ಬರುವ ತನಕ ಯಾರು ಕಾಯುತ್ತಾರೆ? ಶನಿವಾರ ಬೆಳಗಿನ ಶಾಲೆ, ಕ್ಲಾಸು ಬೇಗ ಮುಗಿಯುತ್ತದೆ. ಆಮೇಲೆ ಹುಡುಗಿಯರೆಲ್ಲ ಬೇಲಿಯಿಂದ ತೊಂಡೆ ಸೊಪ್ಪು ಕಿತ್ತು ತರುವುದು, ಹುಡುಗರು ಇದ್ದಿಲು ತರುವುದು. ಚಪ್ಪಡಿ ಕಲ್ಲಿನ ಮೇಲೆ ಇದ್ದಿಲನ್ನು ನುಣ್ಣಗೆ ಅರೆದು, ಸೊಪ್ಪನ್ನು ಅದರ ಜೊತೆ ಜಜ್ಜಿ, ಆ ಹಸಿರು ಕಪ್ಪು ಮುದ್ದೆಯನ್ನು ಬಟ್ಟೆಯಲ್ಲಿ ಕಟ್ಟಿ ಹಲಗೆಗೆ ತಿಕ್ಕಬೇಕು. ಮೇಲಿಂದ ಕೆಳಕ್ಕೆ ಒಂದು ಸಲ, ಒಣಗಿದ ಮೇಲೆ ಅಡ್ಡಕ್ಕೆ ಒಂದು ಸಲ. ಮೊಣಕೈ ತನಕ ಕಪ್ಪು. ಯೂನಿಫಾರಂ ಮೇಲೆ ಬಿದ್ದರೆ ಅಮ್ಮನ ಕೈಯಲ್ಲಿ ಪೂಜೆ. ಸೋಮವಾರ ಬೆಳಗ್ಗೆ ಟೀಚರ್ ಆ ಹಲಗೆಯ ಮೇಲೆ ತಾರೀಖು ಬರೆದಾಗ ಅಕ್ಷರ ಬೆಳ್ಳಗೆ ಎದ್ದು ಕಾಣುತ್ತಿತ್ತು, ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು. ಇವತ್ತು ಮಕ್ಕಳ ಕೈಯಲ್ಲಿ ಶಾಲೆಯ ಕೆಲಸ ಮಾಡಿಸಿದರೆ ವಿಡಿಯೋ ಮಾಡಿ ಹಾಕುತ್ತಾರೆ. ಕಕ್ಕಸು ತೊಳೆಸುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹಲಗೆ ನಮ್ಮದು ಅಂತ ನಮಗೆ ಅನ್ನಿಸುತ್ತಿದ್ದದ್ದು ಸುಳ್ಳಲ್ಲ.

ಮಧ್ಯಾಹ್ನದ ಉಪ್ಪಿಟ್ಟಿನ ಬಗ್ಗೆ ಹೇಳಿ ಅಂತ ಅಲ್ಲಿ ಯಾರೋ ಸನ್ನೆ ಮಾಡುತ್ತಿದ್ದಾರೆ. ಕೇರ್ ಅನ್ನುವ ಅಮೆರಿಕದ ನೆರವು ಸಂಸ್ಥೆಯವರ ಹಳದಿ ಉಪ್ಪಿಟ್ಟು, ಹಾಲಿನ ಪುಡಿ. ಅದರ ಬಗ್ಗೆ ಎಲ್ಲರೂ ಬರೆದು ಆಗಿದೆ, ಬಿಡಿ. ನಾನು ಕಬ್ಬಿನ ವಿಷಯ ಹೇಳುತ್ತೇನೆ. ಕಾಗದದ ಕಾರ್ಖಾನೆಯವರು ಎಂಬತ್ತರ ದಶಕದಲ್ಲಿ ಸಕ್ಕರೆ ಕಾರ್ಖಾನೆಯನ್ನೂ ಶುರು ಮಾಡಿದರು. ಕಬ್ಬು ಅರೆದು ಉಳಿದ ಸಿಪ್ಪೆ ಕಾಗದಕ್ಕೆ ಆಗುತ್ತದೆ. ಹಾಗಾಗಿ ಸೀಜನ್ ಬಂದರೆ ರಸ್ತೆ ತುಂಬಾ ಕಬ್ಬಿನ ಗಾಡಿ, ಟ್ರ್ಯಾಕ್ಟರ್. ಉಬ್ಬು ಬಂದಲ್ಲಿ ಟ್ರ್ಯಾಕ್ಟರ್ ನಿಧಾನ ಆಗುತ್ತದಲ್ಲ, ಅಲ್ಲೇ ಕಾಯುವುದು. ಎಳೆದರೆ ಒಂದು ಜಲ್ಲೆ ಬರುತ್ತದೆ, ಕೆಲವು ಸಲ ಜಲ್ಲೆಯ ಜೊತೆ ಡ್ರೈವರನ ಬೈಗುಳ. ಆಮೇಲೆ ಅದೇ ಕಾಗದದ ಕಾರ್ಖಾನೆಯ ವಾಸನೆ. ಗಾಳಿ ಆ ಕಡೆಯಿಂದ ಬೀಸಿದರೆ ಹೊಸಬರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಗೊತ್ತೇ ಆಗುತ್ತಿರಲಿಲ್ಲ. ರಜೆಗೆ ಅಜ್ಜಿ ಊರಿಗೆ ಹೋಗಿ ವಾಪಸ್ ಬಂದಾಗ ಮಾತ್ರ, ರೈಲು ಇಳಿದ ಕೂಡಲೇ, "ಹಾಂ, ಮನೆ ಬಂತು" ಅನ್ನಿಸುತ್ತಿತ್ತು.

ಆಯುಧಪೂಜೆ. ವರ್ಷಕ್ಕೊಂದು ದಿನ ಮನೆಯವರನ್ನೆಲ್ಲ ಕಾರ್ಖಾನೆಯ ಒಳಗೆ ಬಿಡುತ್ತಿದ್ದರು. ಹೊಸ ಲಂಗ ಹಾಕಿಕೊಂಡು ಅಪ್ಪನ ಕೈ ಹಿಡಿದು ಗೇಟು ದಾಟುವುದು. ಬಾಳೆಕಂಬ, ಕುಂಕುಮ ತುಂಬಿದ ಬೂದುಗುಂಬಳ, ಮಂಡಕ್ಕಿ ಪೊಟ್ಟಣ. ಎಲ್ಲ ಮಕ್ಕಳೂ ದೊಡ್ಡ ದೊಡ್ಡ ಯಂತ್ರ ನೋಡುತ್ತಿದ್ದರು. ನಮ್ಮಪ್ಪನ ಹತ್ತಿರ ಯಂತ್ರವೇ ಇರಲಿಲ್ಲ. ಮರಳು, ಮರದ ಪ್ಯಾಟರ್ನು, ಮರಳನ್ನು ಬಡಿಯುವ ರ‍್ಯಾಮರು, ಮತ್ತೆ ಒಂದು ಸಣ್ಣ ಕರಣೆ. ಆ ಕರಣೆಯನ್ನು ತೊಳೆದು ವಿಭೂತಿ ಹಚ್ಚಿ ಇಟ್ಟಿದ್ದರು. ನನಗೆ ಸ್ವಲ್ಪ ಬೇಜಾರಾಯಿತು, ಇಷ್ಟೇನಾ ಅಂತ. ಅಪ್ಪ ಕುಕ್ಕರುಗಾಲಲ್ಲಿ ಕೂತು ತೋರಿಸಿದರು. ಮರಳನ್ನು ಹೀಗೆ ಗಟ್ಟಿ ಮಾಡಬೇಕು, ಪ್ಯಾಟರ್ನ್ ಎತ್ತಿದಾಗ ಅಂಚು ಒಡೆಯಬಾರದು, ಒಡೆದರೆ ಕರಣೆಯಲ್ಲಿ ಹೀಗೆ ಸವರಬೇಕು. ಆಮೇಲೆ ಒಂದು ತಂತಿ ತಗೊಂಡು ಮರಳಿನಲ್ಲಿ ಸಣ್ಣ ಸಣ್ಣ ತೂತು ಚುಚ್ಚಿದರು. "ಇದ್ಯಾಕೆ?" ಅಂದೆ. "ಕಾದ ಕಬ್ಬಿಣ ಒಳಗೆ ಹೋದಾಗ ಗಾಳಿ, ಹಬೆ ಹೊರಗೆ ಹೋಗ್ಬೇಕಲ್ಲಮ್ಮ. ದಾರಿ ಬಿಡ್ಲಿಲ್ಲ ಅಂದ್ರೆ ಒಳಗೇ ಗುಳ್ಳೆ ಆಗುತ್ತೆ. ಮೇಲಿಂದ ನೋಡೋಕೆ ಚೆನ್ನಾಗಿರುತ್ತೆ, ಭಾರ ಬಿದ್ರೆ ಒಡೆಯುತ್ತೆ" ಅಂದರು.

ಮುಂದೆ ವಿಜ್ಞಾನದ ಪಾಠದಲ್ಲಿ ಊದುಕುಲುಮೆಯ ಚಿತ್ರ ಬಂತು. ಅದಿರು, ಸುಣ್ಣದ ಕಲ್ಲು, ಇದ್ದಿಲು ಮೇಲಿಂದ, ಬಿಸಿ ಗಾಳಿ ಕೆಳಗಿಂದ, ಕರಗಿದ ಕಬ್ಬಿಣ ತಳಕ್ಕೆ, ಕಿಟ್ಟ ಅದರ ಮೇಲೆ. ಬೇರೆ ಊರಿನ ಮಕ್ಕಳು ಅದನ್ನು ಉರು ಹೊಡೆಯುತ್ತಿದ್ದರು. ನಾವು ರಾತ್ರಿ ಅಂಗಳದಲ್ಲಿ ನಿಂತು ಕಾರ್ಖಾನೆ ಕಡೆ ಆಕಾಶ ಕೆಂಪಗಾಗುವುದನ್ನು ನೋಡಿದವರು. ನಮ್ಮ ವಿಜ್ಞಾನದ ಮೇಷ್ಟ್ರು ಜಾಣರು. ಈ ಪಾಠ ಬಂದ ದಿನ ಅವರು ಪುಸ್ತಕ ಮುಚ್ಚಿ, "ಯಾರ ಯಾರ ಅಪ್ಪ ಎಲ್ಲಿ ಕೆಲಸ ಮಾಡ್ತಾರೆ, ಎದ್ದು ಹೇಳಿ" ಅಂದರು. ಒಬ್ಬೊಬ್ಬರು ಎದ್ದು ಹೇಳುತ್ತಾ ಹೋದ ಹಾಗೆ ಹಲಗೆಯ ಮೇಲೆ ಇಡೀ ಕಾರ್ಖಾನೆ ಬರೆದರು. ನಾನು ಮರಳಿನ ತೂತಿನ ವಿಷಯ ಹೇಳಿದೆ. ಕಾದರೆ ಅನಿಲ ಹಿಗ್ಗುತ್ತದೆ ಅನ್ನುವ ಪಾಠವನ್ನು ಅಲ್ಲೇ ಸೇರಿಸಿ ಮುಗಿಸಿಬಿಟ್ಟರು. ಅಷ್ಟು ಒಳ್ಳೆಯ ಪಾಠ ನಾನು ಕಾಲೇಜಿನಲ್ಲೂ ಕೇಳಲಿಲ್ಲ.

ಪ್ರತಿ ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಜಯಂತಿ. ಬೀದಿ ದೀಪದ ಕಥೆ ಎಲ್ಲ ಊರಲ್ಲೂ ಹೇಳುತ್ತಾರೆ. ನಮ್ಮೂರಲ್ಲಿ ಹೇಳುತ್ತಿದ್ದದ್ದು ಬೇರೆ. ಭದ್ರಾವತಿಯಲ್ಲಿ ಮಾಡಿದ ಕೆಲಸಕ್ಕೆ ತಮಗೆ ಬರಬೇಕಾಗಿದ್ದ ಹಣವನ್ನು ಅವರು ತಗೊಳ್ಳದೆ, ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಕೊಡಿ ಅಂದರು. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್ ಹುಟ್ಟಿದ್ದು ಹಾಗೆ. ಇನ್ನೊಂದು ಹೆಮ್ಮೆ ಜಿ.ಆರ್. ವಿಶ್ವನಾಥ್ ಅವರದು. 1949ರಲ್ಲಿ ನಮ್ಮೂರಲ್ಲಿ ಹುಟ್ಟಿದವರು, ಮೊದಲ ಟೆಸ್ಟಿನಲ್ಲೇ ಶತಕ ಹೊಡೆದವರು. ಅವರು ಕ್ರಿಕೆಟ್ ಕಲಿತದ್ದು ಬೆಂಗಳೂರಿನಲ್ಲಿ ಅನ್ನುವುದನ್ನು ನಮ್ಮ ಹುಡುಗರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಪ್ರತಿ ಬಾಲಿಗೂ ಸ್ಕ್ವೇರ್ ಕಟ್. ಔಟಾದರೂ ಸ್ಕ್ವೇರ್ ಕಟ್.

ಒಂದು ಮಾತು. ಊರಿನ ನೆನಪು ಅಂತ ಬರೆಯುವವರು ಜಾಸ್ತಿ ಗಂಡಸರು. ಅವರ ನೆನಪಲ್ಲಿ ಯಾವಾಗಲೂ ಹೊಳೆಯಲ್ಲಿ ಈಜಿದ್ದು, ಮ್ಯಾಟಿನಿ ಶೋಗೆ ಕ್ಲಾಸು ತಪ್ಪಿಸಿದ್ದು ಇರುತ್ತದೆ. ಭದ್ರಾ ಹೊಳೆ ನಮಗೂ ಇತ್ತು. ನಾವು ದಡದಲ್ಲಿ ಬಟ್ಟೆ ಒಗೆದೆವು. ಸೈಕಲ್ ಕಲಿಯಬೇಕು ಅಂದರೆ ಅಣ್ಣ ಮಲಗಿರಬೇಕು, ಅಪ್ಪ ಸೈಕಲ್ ತಗೊಂಡು ಶಿಫ್ಟಿಗೆ ಹೋಗಿರಬಾರದು, ಅಮ್ಮ ಸೊಸೈಟಿಗೆ ಸೀಮೆಎಣ್ಣೆ ಕ್ಯೂಗೆ ಹೋಗಿರಬೇಕು. ಈ ಮೂರೂ ಕೂಡಿ ಬರುವುದು ಕಷ್ಟ. ನಮ್ಮ ಸ್ವಾತಂತ್ರ್ಯ ಅಂತ ಇದ್ದದ್ದು ಶಾಲೆಯೇ. ಅದಕ್ಕೇ ಬಹುಶಃ ಹೆಣ್ಣುಮಕ್ಕಳಿಗೆ ಶಾಲೆ ಇನ್ನೂ ಜಾಸ್ತಿ ನೆನಪಿರುತ್ತದೆ. ರಜೆ ಬೇಡ ಅನ್ನುತ್ತಿದ್ದ ಹುಡುಗಿಯರು ಇದ್ದರು, ನಂಬಿ.

ಆದರೆ ಎಲ್ಲ ಚೆನ್ನಾಗಿತ್ತು ಅಂತ ಹೇಳಿಹೋದರೆ ಅದು ಗುಳ್ಳೆ ಬಿದ್ದ ಎರಕ. ಆಫೀಸರ್ ಬಂಗಲೆಯ ಮಕ್ಕಳ ಬರ್ತ್‌ಡೇಗೆ ನಮ್ಮನ್ನು ಕರೆಯುತ್ತಿರಲಿಲ್ಲ. ಅದು ಹೋಗಲಿ. ನನ್ನ ಪಕ್ಕ ಕೂರುತ್ತಿದ್ದ ಹುಡುಗಿಯ ಅಪ್ಪ ಅದೇ ಗೇಟಿನೊಳಗೆ ಕೆಲಸಕ್ಕೆ ಹೋಗುತ್ತಿದ್ದರು, ಆದರೆ ಗುತ್ತಿಗೆಯವರ ಕೈಕೆಳಗೆ. ಕ್ವಾರ್ಟರ್ಸ್ ಇಲ್ಲ, ಬೋನಸ್ ಇಲ್ಲ, ಆಸ್ಪತ್ರೆ ಇಲ್ಲ. ಗಣಿತದಲ್ಲಿ ನನಗಿಂತ ಅವಳೇ ಚುರುಕು. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಬರೆದಳು, ಪಾಸಾದಳು, ಎಂಟಕ್ಕೆ ಬರಲಿಲ್ಲ. ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕಿತ್ತು. ನಾನು ಎಸ್ಸೆಸ್ಸೆಲ್ಸಿ ದಾಟಿದೆ. ನನ್ನಪ್ಪನಿಗೆ ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತಿತ್ತು, ಅವಳ ಅಪ್ಪನಿಗೆ ಬರುತ್ತಿರಲಿಲ್ಲ. ನಮ್ಮಿಬ್ಬರ ನಡುವೆ ಇದ್ದ ವ್ಯತ್ಯಾಸ ಅಷ್ಟೇ.

ನಾನು ಇವತ್ತು ಹೇಳಬೇಕು ಅಂದುಕೊಂಡದ್ದು ಇದೇ. "ನಮ್ಮ ಕಾಲದ ಮೇಷ್ಟ್ರುಗಳು ದೇವರಂಥವರು, ಈಗಿನವರಿಗೆ ಶ್ರದ್ಧೆ ಇಲ್ಲ" ಅಂತ ಎಲ್ಲ ಗೆಟ್ ಟುಗೆದರ್‌ಗಳಲ್ಲೂ ಹೇಳುತ್ತೇವೆ. ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ಒಳ್ಳೆಯ ಮೇಷ್ಟ್ರು ಆಗಲೂ ಇದ್ದರು, ಈಗಲೂ ಇದ್ದಾರೆ. ಆಗ ನಮ್ಮ ಶಾಲೆ ತುಂಬಿ ತುಳುಕುತ್ತಿದ್ದದ್ದು ಊರಲ್ಲಿ ಕೆಲಸ ಇತ್ತು ಅಂತ. ಅಪ್ಪಂದಿರು ಊರು ಬಿಟ್ಟು ಹೋಗಬೇಕಾಗಿರಲಿಲ್ಲ. ಪುಸ್ತಕಕ್ಕೆ, ಫೀಸಿಗೆ ಸಂಬಳದ ದಿನ ದುಡ್ಡು ಸಿಗುತ್ತದೆ ಅನ್ನುವ ಧೈರ್ಯ ಇತ್ತು. ನಾವು ಮಿಸ್ ಮಾಡಿಕೊಳ್ಳುತ್ತಿರುವುದು ಆ ಧೈರ್ಯವನ್ನು. ಬೆಂಚು, ಗಂಟೆ, ಪ್ರಾರ್ಥನೆ ಎಲ್ಲ ಸುಮ್ನೆ ಅದರ ಮೇಲೆ ಕೂತಿದ್ದವು.

ಆ ಧೈರ್ಯ ಹೋದದ್ದು ನಿಧಾನವಾಗಿ. ಕಬ್ಬಿಣದ ಕಾರ್ಖಾನೆ 1989ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಪ್ರಾಧಿಕಾರದ, ಅಂದರೆ ಸೇಲ್‌ನ, ಕೈಗೆ ಹೋಯಿತು, 1998ರಲ್ಲಿ ಅದರಲ್ಲೇ ಸೇರಿಹೋಯಿತು. ಕೆಮ್ಮಣ್ಣುಗುಂಡಿಯ ಗಣಿ ನಿಂತಿತು, ಸ್ವಂತ ಅದಿರಿಲ್ಲದ ಸಣ್ಣ ಕಾರ್ಖಾನೆ ದೊಡ್ಡವರ ಎದುರು ಎಷ್ಟು ದಿನ ನಿಲ್ಲುತ್ತದೆ? ಕಾಗದದ ಕಾರ್ಖಾನೆಯಲ್ಲಿ 2015ರ ಸುಮಾರಿಗೆ ಉತ್ಪಾದನೆಯೇ ನಿಂತಿತು. 2023ರ ಜನವರಿಯಲ್ಲಿ, ಸರಿಯಾಗಿ ನೂರು ವರ್ಷ ತುಂಬುವ ಹೊತ್ತಿಗೆ, ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ಸುದ್ದಿ ಬಂತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಆಮೇಲೆ ಒಂದಷ್ಟು ಕೆಲಸ ಮತ್ತೆ ಶುರುವಾಯಿತು. ನಡುವೆ ಕ್ವಾರ್ಟರ್ಸ್ ಖಾಲಿಯಾದವು, ಮಕ್ಕಳು ಹೋದರು, ಮಕ್ಕಳು ಹೋದ ಮೇಲೆ ಶಾಲೆ ಹೋಗದೇ ಇರುತ್ತದಾ? ಇಂಗ್ಲಿಷ್ ಮೀಡಿಯಂ ಬಂದು ಕನ್ನಡ ಶಾಲೆ ಮುಚ್ಚಿತು ಅನ್ನುತ್ತಾರೆ. ಇರಬಹುದು, ಆದರೆ ನಮ್ಮೂರಲ್ಲಿ ಮೊದಲು ಮುಚ್ಚಿದ್ದು ಸಂಬಳದ ಕೌಂಟರು.

ಈಗ ಒಂದು ಕೆಲಸದ ಮಾತು. ಹಳೆ ವಿದ್ಯಾರ್ಥಿಗಳು ಸೇರಿ ಶಾಲೆಗೆ ಕಮಾನು ಕಟ್ಟಿಸೋಣ, ಬಣ್ಣ ಹೊಡೆಸೋಣ ಅಂತ ಮಾತು ನಡೆಯುತ್ತಿದೆ. ನನ್ನ ಅಭಿಪ್ರಾಯ ಕೇಳಿದರೆ ಕಮಾನು ಬೇಡ. ಆ ದುಡ್ಡಲ್ಲಿ ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಹುಡುಗಿಯರ ಬಸ್ ಪಾಸು, ಟ್ಯೂಷನ್ನು ನೋಡಿಕೊಳ್ಳೋಣ, ಅದರಲ್ಲೂ ಗುತ್ತಿಗೆ ಕಾರ್ಮಿಕರ ಮನೆಯವರದ್ದು. ಮಳೆಗಾಲದಲ್ಲಿ ಡ್ಯಾಮಿನ ಗೇಟು ತೆಗೆದರೆ ನಮ್ಮೂರಲ್ಲಿ ಹೊಸ ಸೇತುವೆ ಮುಳುಗುತ್ತದೆ, ಹಳೆಯದು ಹಾಗೇ ನಿಂತಿರುತ್ತದೆ. ಕಟ್ಟುವ ವಿಷಯದಲ್ಲಿ ನಮ್ಮ ಅದೃಷ್ಟ ಅಷ್ಟಕ್ಕಷ್ಟೇ, ಗೊತ್ತಲ್ಲ.

ಮತ್ತೆ, ಕ್ಲಾಸಿನ ಗ್ರೂಪ್ ಫೋಟೋ ಯಾರ ಮನೆಯಲ್ಲಿ ಇದೆಯೋ ತಂದು ಆ ಮೇಜಿನ ಹತ್ತಿರ ಕೊಡಿ, ಸ್ಕ್ಯಾನ್ ಮಾಡಿ ವಾಪಸ್ ಕೊಡುತ್ತಾರೆ. ಹಿಂದುಗಡೆ ಹೆಸರು ಬರೆದಿರಿ. ನಿಮ್ಮ ಹೆಸರು ಮಾತ್ರ ಅಲ್ಲ, ಏಳನೇ ಕ್ಲಾಸಿಗೇ ಬಿಟ್ಟು ಹೋದವರದ್ದೂ ಬರೆಯಿರಿ. ಮರೆತಿದ್ದರೆ ಪಕ್ಕದವರನ್ನು ಕೇಳಿ. ಪ್ರಶ್ನೆ ಇದ್ದರೆ ಊಟಕ್ಕೆ ಮುಂಚೆ ಕೇಳಿಬಿಡಿ, ಆಮೇಲೆ ಯಾರೂ ಸಿಗುವುದಿಲ್ಲ.