ಹಗಲು ಸ್ವೈಪು, ರಾತ್ರಿ ಕಾಲ್

ಕೇಳುಗರೆಲ್ಲರಿಗೂ ನಮಸ್ಕಾರ.

ಐಟಿ ಕಂಪನಿಯವರು ಆಫೀಸಿಗೆ ಬರೋಕೆ ಗೊಣಗುತ್ತಾರೆ ಅಂದ ಕೂಡಲೇ ಬಹಳ ಜನಕ್ಕೆ ರೇಗುತ್ತದೆ. ನರ್ಸ್ ದಿನಾ ಹೋಗಲ್ವಾ, ಬಸ್ ಕಂಡಕ್ಟರ್ ಹೋಗಲ್ವಾ, ಇವರಿಗೇನು ಧಾಡಿ ಅಂತಾರೆ. ಕೇಳೋದು ಸರಿಯೇ. ಆದರೆ ಕಂಡಕ್ಟರ್ ಬಸ್ಸಿನಲ್ಲೇ ಇರಬೇಕು, ಮನೆಯಲ್ಲಿ ಕೂತು ಟಿಕೆಟ್ ಹರಿಯೋಕೆ ಆಗಲ್ಲ. ಐಟಿ ಕೆಲಸ ಹಾಗಲ್ಲ ಅನ್ನೋದು 2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಬಂದಾಗಲೇ ಗೊತ್ತಾಯಿತು. ಲ್ಯಾಪ್‌ಟಾಪ್ ಹಿಡಿದುಕೊಂಡು ಹಾಸನಕ್ಕೋ ಶಿರಸಿಗೋ ಕಲಬುರಗಿಗೋ ಹೋದವರು ಅಲ್ಲಿಂದಲೇ ಕೆಲಸ ಮುಗಿಸಿ ಕೊಟ್ಟರು. ಮಲೆನಾಡಿನಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡದ ಮೇಲೆ ಕೂತು ದುಡಿದವರೂ ಇದ್ದಾರೆ.

ಆಮೇಲೆ ಒಂದೊಂದೇ ಕಂಪನಿ ಜನರನ್ನು ವಾಪಸ್ ಕರೆಯಿತು. ಟಿಸಿಎಸ್ 2023ರ ಅಕ್ಟೋಬರ್‌ನಿಂದ ವಾರಕ್ಕೆ ಐದು ದಿನ ಬನ್ನಿ ಅಂದಿತು. ಮುಂದಿನ ವರ್ಷ ಹಾಜರಿಗೂ ವೇರಿಯಬಲ್ ಪೇಗೂ, ಅಂದರೆ ಸಂಬಳದಲ್ಲಿ ಹೆಚ್ಚುಕಡಿಮೆಯಾಗುವ ಭಾಗಕ್ಕೂ, ಗಂಟು ಹಾಕಿತು. ಹಾಜರಿ ಶೇ. 60ಕ್ಕಿಂತ ಕಡಿಮೆಯಾದರೆ ಆ ಮೂರು ತಿಂಗಳ ವೇರಿಯಬಲ್ ಪೇ ಇಲ್ಲವೇ ಇಲ್ಲ ಅಂದಿತು. ಇನ್ಫೋಸಿಸ್ ತಿಂಗಳಿಗೆ ಹತ್ತು ದಿನ ಅಂದಿತು. ಅದು ಎಷ್ಟೋ ವಾಸಿ. ಅಮೆರಿಕದಲ್ಲಿ ಅಮೆಜಾನ್ ಮುಖ್ಯಸ್ಥ ಆಂಡಿ ಜಾಸ್ಸಿ 2025ರ ಜನವರಿಯಿಂದ ಐದೂ ದಿನ ಬರಬೇಕು ಅಂತ ಪತ್ರ ಬರೆದರು. ಅದರ ಕ್ಲೌಡ್ ವಿಭಾಗದ ಮುಖ್ಯಸ್ಥ ಮ್ಯಾಟ್ ಗಾರ್ಮನ್ ಇನ್ನೂ ನೇರ. ಇದು ಒಗ್ಗದವರಿಗೆ ಬೇರೆ ಕಂಪನಿಗಳಿವೆಯಲ್ಲ ಅಂದುಬಿಟ್ಟರು. ನೌಕರರು ಸುಮ್ನಿರಲಿಲ್ಲ, ಸಹಿ ಹಾಕಿ ಪತ್ರ ಬರೆದರು. ಆದೇಶ ಮಾತ್ರ ಬದಲಾಗಲಿಲ್ಲ.

ನನಗೆ ಗೊತ್ತಿರುವ ಒಬ್ಬ ಹುಡುಗಿ ಇದ್ದಾಳೆ. ಮನೆ ಬನಶಂಕರಿ, ಆಫೀಸು ಬೆಳ್ಳಂದೂರು. ಕಂಪನಿ ಯಾವುದು ಅನ್ನೋದು ಬೇಡ ಬಿಡಿ. ಟಾಮ್‌ಟಾಮ್ ಅನ್ನೋ ನಕ್ಷೆ ಕಂಪನಿಯ 2024ರ ಟ್ರಾಫಿಕ್ ಪಟ್ಟಿಯ ಪ್ರಕಾರ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಹೋಗೋಕೆ ಸರಾಸರಿ 34 ನಿಮಿಷ ಬೇಕು. ಅದು ಇಡೀ ದಿನದ ಸರಾಸರಿ. ಬೆಳಗ್ಗೆ ಒಂಬತ್ತಕ್ಕೆ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವವರಿಗೆ ಈ ಲೆಕ್ಕ ಹೇಳಿದರೆ ನಗ್ತಾರೆ. ಹೇಗೋ ತಲುಪಿ, ಕಾರ್ಡು ಸ್ವೈಪ್ ಮಾಡಿ ಒಳಗೆ ಹೋದರೆ ಅವಳಿಗೆ ಅಂತ ಒಂದು ಸೀಟಿಲ್ಲ. ಹಿಂದಿನ ದಿನವೇ ಆ್ಯಪಿನಲ್ಲಿ ಬುಕ್ ಮಾಡಿರಬೇಕು. ಮರೆತರೆ ಪ್ಯಾಂಟ್ರಿ ಪಕ್ಕದ ಎತ್ತರದ ಸ್ಟೂಲೇ ಗತಿ. ಅವಳ ಟೀಮಿನಲ್ಲಿ ಇಬ್ಬರು ಪುಣೆಯವರು, ಒಬ್ಬ ಹೈದರಾಬಾದಿನವನು, ಕ್ಲೈಂಟ್ ಅಮೆರಿಕದಲ್ಲಿ. ಆಫೀಸಿಗೆ ಹೋಗಿ ಅವಳು ಮಾಡೋದೇನು ಅಂದರೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ವಿಡಿಯೊ ಕಾಲ್‌ಗೆ ಸೇರೋದು. ಪಕ್ಕದವನೂ ಕಾಲ್‌ನಲ್ಲಿ, ಎದುರಿನವಳೂ ಕಾಲ್‌ನಲ್ಲಿ. ಇವಳು ಮ್ಯೂಟ್ ತೆಗೆದರೆ ಪುಣೆಯವರಿಗೆ ಮೂವರ ಮಾತೂ ಒಟ್ಟಿಗೆ ಕೇಳುತ್ತದೆ.

ದಿನ ಅಲ್ಲಿಗೇ ಮುಗಿಯಲ್ಲ. ಸಂಜೆ ಏಳೂವರೆಗೆ ಮನೆ ಸೇರಿ, ಅಕ್ಕಿ ತೊಳೆದು ಕುಕ್ಕರ್ ಇಟ್ಟು, ಒಂಬತ್ತಕ್ಕೆ ಮತ್ತೆ ಲ್ಯಾಪ್‌ಟಾಪ್ ತೆರೆಯುತ್ತಾಳೆ, ಯಾಕಂದ್ರೆ ಅಮೆರಿಕದವರಿಗೆ ಬೆಳಗಾಗೋದೇ ಆಗ. ಇದು ಮನೆಯಿಂದ ಮಾಡುವ ಕೆಲಸ ಅಲ್ವಾ? ಇದಕ್ಕೆ ಯಾವ ಮ್ಯಾನೇಜರೂ ಬೇಡ ಅನ್ನಲ್ಲ. ಮನೆಯಲ್ಲಿ ಗಮನ ಇರಲ್ಲ, ಒಟ್ಟಿಗೆ ಕೂತರೇನೇ ಹೊಸ ಐಡಿಯಾ ಹುಟ್ಟೋದು ಅಂತ ರಾತ್ರಿ ಒಂಬತ್ತಕ್ಕೆ ಯಾವ ಎಚ್‌ಆರ್ ಕೂಡ ಮೇಲ್ ಕಳಿಸಲ್ಲ. ನೌಕರರಿಗೆ ಉರಿಯೋದು ಇದಕ್ಕೇ. ರಾತ್ರಿ ಮನೆಯಿಂದ ಮಾಡಿದ್ದು ನಿಷ್ಠೆ, ಹಗಲು ಮನೆಯಿಂದ ಮಾಡಿದರೆ ಕಳ್ಳಾಟ.

ಆಫೀಸೇ ಬೇಡ ಅಂತ ನಾನು ಹೇಳ್ತಿಲ್ಲ. ಕಾಲೇಜು ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದವರಿಗೆ ಪಕ್ಕದಲ್ಲಿ ಒಬ್ಬ ಸೀನಿಯರ್ ಇದ್ದರೆ ಎಷ್ಟೋ ಅನುಕೂಲ. ಪಿಜಿ ರೂಮಿನಲ್ಲಿ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಲಿಯೋದು ಕಷ್ಟ. ಟೆಕ್ ಪಾರ್ಕಿನ ಗೇಟಿನೆದುರು ಟೀ ಅಂಗಡಿ ಇಟ್ಟವರಿಗೂ ಕ್ಯಾಬ್ ಓಡಿಸುವವರಿಗೂ ಜನ ಬಂದರೇನೇ ವ್ಯಾಪಾರ. ಆದರೆ ಐದೂ ದಿನ ಯಾಕೆ?

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಜೊತೆಯವರು ಪ್ರವಾಸದ ಟಿಕೆಟ್ ಬುಕ್ ಮಾಡಿಕೊಡುವ ಚೀನಾದ ಟ್ರಿಪ್ ಡಾಟ್ ಕಾಮ್ ಕಂಪನಿಯಲ್ಲಿ 1,612 ನೌಕರರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ವಾರಕ್ಕೆ ಎರಡು ದಿನ ಮನೆ, ಇನ್ನೊಂದಕ್ಕೆ ಐದೂ ದಿನ ಆಫೀಸು. ಫಲಿತಾಂಶ 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಕೆಲಸದ ಗುಣಮಟ್ಟದಲ್ಲಾಗಲಿ ಬಡ್ತಿಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಎರಡು ದಿನ ಮನೆಯಲ್ಲಿದ್ದ ಗುಂಪಿನಲ್ಲಿ ಕೆಲಸ ಬಿಡುವವರು ಮಾತ್ರ ಮೂರನೇ ಒಂದು ಭಾಗ ಕಡಿಮೆಯಾದರು. ಮೊದಲು ಅನುಮಾನಪಟ್ಟಿದ್ದ ಮ್ಯಾನೇಜರುಗಳೇ ಕೊನೆಗೆ ಪರವಾಗಿಲ್ಲ ಅಂದರು.

ಕೆಲಸ ಬಿಡುವವರು ಕಡಿಮೆಯಾಗೋದು ಎಲ್ಲ ಕಂಪನಿಗೂ ಬೇಕಾ ಅನ್ನೋದು ಬೇರೆ ಪ್ರಶ್ನೆ. ಜನರನ್ನು ಕಡಿಮೆ ಮಾಡಬೇಕಾದ ವರ್ಷದಲ್ಲಿ ಆದೇಶ ಬಿಗಿಯಾದರೆ, ತಾವಾಗೇ ಬಿಟ್ಟು ಹೋಗಲಿ ಅನ್ನೋ ಲೆಕ್ಕ ಇರಬಹುದು ಅಂತ ನೌಕರರು ಮಾತಾಡಿಕೊಳ್ತಾರೆ. ಅನುಮಾನ ಸುಳ್ಳೇ ಇರಲಿ, ಅದು ಹುಟ್ಟಿದ ಮೇಲೆ ಹಾಜರಿ ಕಾಟಾಚಾರಕ್ಕೆ ಇಳಿಯುತ್ತದೆ. ಬರೋದು, ಸ್ವೈಪ್ ಮಾಡೋದು, ಒಂದು ಕಾಫಿ ಕುಡಿದು ಹೊರಡೋದು. ಇದಕ್ಕೆ ಕಾಫಿ ಬ್ಯಾಡ್ಜಿಂಗ್ ಅಂತ ಹೆಸರೂ ಬಂದಿದೆ. ಅದನ್ನು ತಡೆಯೋಕೆ ಕೆಲವು ಕಂಪನಿಗಳು ಒಳಗಿದ್ದ ಗಂಟೆಗಳನ್ನೂ ಎಣಿಸುತ್ತವೆ.

ಊರಿಗೆ ಹೋಗಿ ನೆಲೆ ನಿಂತಿದ್ದವರ ಪಾಡು ಬೇರೆ. ಮಕ್ಕಳನ್ನು ಅಲ್ಲಿನ ಶಾಲೆ ಬಿಡಿಸಬೇಕು, ವಯಸ್ಸಾದ ಅಪ್ಪ ಅಮ್ಮನನ್ನು ಮತ್ತೆ ಒಂಟಿ ಮಾಡಬೇಕು, ಬೆಂಗಳೂರಿನಲ್ಲಿ ಡೆಪಾಸಿಟ್ಟಿಗೆ ದೊಡ್ಡ ಗಂಟು ಹೊಂದಿಸಬೇಕು. ಸಂಬಳ ಮಾತ್ರ ಅಷ್ಟೇ.

2025ರ ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವಿಪ್ರೊದ ಅಜೀಂ ಪ್ರೇಮ್‌ಜಿ ಅವರಿಗೆ ಒಂದು ಪತ್ರ ಬರೆದರು. ಔಟರ್ ರಿಂಗ್ ರೋಡಿನ ದಟ್ಟಣೆ ತಗ್ಗಿಸೋಕೆ ವಿಪ್ರೊದ ಸರ್ಜಾಪುರ ಕ್ಯಾಂಪಸ್ಸಿನೊಳಗಿಂದ ವಾಹನ ಬಿಡಿ ಅನ್ನೋದು ಕೋರಿಕೆ. ಅದು ವಿಶೇಷ ಆರ್ಥಿಕ ವಲಯ, ಅಂದರೆ ಒಳಗೆ ಬರೋರ ಮೇಲೆ ಕಟ್ಟುನಿಟ್ಟಿನ ನಿಯಮ ಇರುವ ಜಾಗ, ಆಗಲ್ಲ ಅಂತ ಉತ್ತರ ಬಂತು. ಗೇಟು ತೆಗೆಸೋದಕ್ಕಿಂತ ಸುಲಭದ ಕೋರಿಕೆಯೊಂದಿತ್ತು. ಆ ರಸ್ತೆಯ ಕಂಪನಿಗಳೆಲ್ಲ ವಾರಕ್ಕೆ ಎರಡು ದಿನ ತಮ್ಮ ಜನರನ್ನು ಮನೆಯಲ್ಲೇ ಬಿಡಲಿ ಅಂತ ಕೇಳಬಹುದಿತ್ತು. ಈಗಲೂ ಕೇಳಬಹುದು.

ನಮಸ್ಕಾರ.